ಮೂರು ಪ್ಲಗ್, ನಾಲ್ಕು ವಯರ್, ನಾಲ್ವರ ಓಮ್ನಿ

ನಮ್ಮ ಕಡೆ ಗಾಡಿ ಎಂದರೆ ಬಹುತೇಕ ಡೀಸೆಲ್. ಟ್ರ್ಯಾಕ್ಟರ್, ಬೊಲೆರೊ, ಗೊಂಜಾಳದ ಚೀಲ ಹೊರುವ ಗೂಡ್ಸ್ ಗಾಡಿ ಎಲ್ಲವೂ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿದ ಮೇಲೆ ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ಪ್ಲಗ್ಗಿನ ಚಿಂತೆ ಇರುವುದು ಬೈಕಿನವರಿಗೆ, ಆಮೇಲೆ ಹಳೇ ಮಾರುತಿ 800 ಅಥವಾ ಓಮ್ನಿ ಇಟ್ಟುಕೊಂಡ ನಮ್ಮಂಥವರಿಗೆ.

ನಾವೆಂದರೆ ನಾಲ್ಕು ಜನ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಒಂದೊಂದು ತಾಲ್ಲೂಕಿಗೆ ಒಬ್ಬೊಬ್ಬರು. ಒಟ್ಟಿಗೆ ಪತ್ರಿಕೋದ್ಯಮ ಡಿಪ್ಲೊಮಾ ಓದಿದವರು, ಈಗ ಬೇರೆ ಬೇರೆ ಪತ್ರಿಕೆಗಳಿಗೆ ಅರೆಕಾಲಿಕ ವರದಿಗಾರರು. ಸುದ್ದಿ ಅಚ್ಚಾದರೆ ದುಡ್ಡು, ಆಗದಿದ್ದರೆ ಚಹಾ ಖರ್ಚೂ ಮೈಮೇಲೆ. ನಾಲ್ವರೂ ಪಟ್ಟಿ ಕೂಡಿಸಿ ಕೊಂಡದ್ದು ಒಂದು ಓಮ್ನಿ, ಕೆಎ 27 ನಂಬರಿನದು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ, ಈ ಗಾಡಿ ನೋಂದಣಿ ಆದದ್ದು ಅದಾಗಿ ಎರಡು ವರ್ಷಕ್ಕೆ. ಜಿಲ್ಲೆಗೂ ಗಾಡಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ರಸ್ತೆಯ ಗುಂಡಿಗಳನ್ನು ಯಾರು ಹೆಚ್ಚು ತಿಂದಿದ್ದಾರೆ ಅನ್ನುವುದು ಬೇರೆ ಮಾತು.

2019ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿದಾಗ ನದಿದಂಡೆಯ ಊರುಗಳಿಗೆ ಹೋಗಿ ಬಂದದ್ದು ಇದೇ ಗಾಡಿಯಲ್ಲಿ. ಆದರೆ ಈಗ ಅದರ ಮುಖ್ಯ ಕೆಲಸ ಸುದ್ದಿಯಲ್ಲ. ನಮ್ಮಲ್ಲೊಬ್ಬರ ದೊಡ್ಡವ್ವನಿಗೆ ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಹೋಗಬೇಕು. ನಸುಕಿನಲ್ಲೇ ಹಾನಗಲ್ ಕಡೆಯಿಂದ ಹೊರಟು, ತಡಸದ ಮೇಲೆ ಹುಬ್ಬಳ್ಳಿ ಮುಟ್ಟಬೇಕು. ಬರುವಾಗ ಅವರಿಗೆ ಕೂರಲಿಕ್ಕೂ ಆಗುವುದಿಲ್ಲ, ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡೇ ಬರಬೇಕು. ಬಸ್ಸಿನಲ್ಲಿ ಅದು ಆಗದ ಮಾತು. ಗಾಡಿ ನಡುದಾರಿಯಲ್ಲಿ ನಿಂತರೆ ಆ ದಿನದ ಪಾಳಿ ಹೋಯಿತು ಅಂತಲೇ ಲೆಕ್ಕ.

ಹೋದ ಮಳೆಗಾಲದಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯಲಿಕ್ಕೆ ಶುರು ಮಾಡಿತು. ಬೆಳಿಗ್ಗೆ ಥಂಡಿಯಲ್ಲಿ ಕೆಮ್ಮುವುದು, ಏರು ಬಂದರೆ ಜಗ್ಗದಿರುವುದು, ಹೊಗೆಯಲ್ಲಿ ಹಸಿ ಪೆಟ್ರೋಲ್ ವಾಸನೆ. ಬಿಸಿಲು ಬಿದ್ದ ದಿನ ಏನೂ ಆಗೇ ಇಲ್ಲವೆನ್ನುವ ಹಾಗೆ ಓಡುವುದು. ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. ಬಾನೆಟ್ ಮುಟ್ಟುವಷ್ಟು ಹೊತ್ತೂ ಹಿಡಿಯಲಿಲ್ಲ. (ಓಮ್ನಿಗೆ ಬಾನೆಟ್ಟಿನ ಮಾತೇ ಬರುವುದಿಲ್ಲ, ಮುಂದಿನ ಸೀಟು ಎತ್ತಿದರೆ ಕೆಳಗೇ ಇಂಜಿನ್.) "ಬೋರ್ ಹೋಗೇತಿ, ಇಂಜಿನ್ ಇಳಸ್ಬೇಕು, ಇಪ್ಪತ್ತೈದು ಸಾವಿರ ತಯಾರ್ ಮಾಡ್ಕೊಂಡು ಬರ್ರಿ" ಎಂದರು. ನಾಲ್ವರಿಗೆ ಹಂಚಿದರೂ ಅದು ನಮ್ಮ ಎರಡು ತಿಂಗಳ ಗಳಿಕೆಗಿಂತ ಹೆಚ್ಚು. ಇಬ್ಬರು ಗುಜರಿಗೆ ಹಾಕೋಣ ಎಂದರು, ಇಬ್ಬರು ಬೇಡ ಎಂದರು. ದೊಡ್ಡವ್ವನ ಮುಂದೆ ಯಾರೂ ಈ ಮಾತು ಎತ್ತಲಿಲ್ಲ.

ಸವಣೂರಿನಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ, ಎಲ್ಲರೂ ಚಾಚಾ ಅನ್ನುತ್ತಾರೆ. ಅವರು ಮೊದಲು ಕೇಳಿದ್ದೇ ಬೇರೆ. "ಮಿಸ್ಸಿಂಗ್ ಯಾವಾಗ ಹೊಡೀತೈತಿ ತಮ್ಮಾ? ಮಳಿ ಬಂದಾಗೋ, ಯಾವಾಗ್ಲೂನೋ?" ಆಮೇಲೆ ಇಂಜಿನ್ ಆರಿದ ಮೇಲೆ ಪ್ಲಗ್ ಪಾನಾ ಹಾಕಿ ಮೂರೂ ಪ್ಲಗ್ ಬಿಚ್ಚಿ, ಯಾವುದು ಎಲ್ಲಿಯದು ಅನ್ನುವುದು ತಪ್ಪದ ಹಾಗೆ ಒಂದು ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟರು. ಆ ಪುಟದಲ್ಲಿ ನಮ್ಮದೇ ಒಂದು ವರದಿ ಇತ್ತು. ಅದರ ಮೇಲೆಯೇ ಮಸಿ ಬಿದ್ದಿತು.

ಪ್ಲಗ್ಗಿನ ಮೂತಿ ಇಂಜಿನ್ನಿನ ನಾಲಿಗೆ ಇದ್ದ ಹಾಗೆ. ವೈದ್ಯರು ನಾಲಿಗೆ ನೋಡಿದಂತೆ ಮಿಸ್ತ್ರಿ ಅದನ್ನು ನೋಡಬೇಕು. ತೆಳು ಕಂದು ಬಣ್ಣ ಇದ್ದರೆ ಆರೋಗ್ಯ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಬರುತ್ತಿದೆ, ಇಲ್ಲವೇ ಕಿಡಿ ಸರಿ ಬೀಳುತ್ತಿಲ್ಲ. ಎಣ್ಣೆ ಜಿಡ್ಡು ಇದ್ದರೆ ರಿಂಗೋ ವಾಲ್ವ್ ಸೀಲೋ ಸವೆದಿದೆ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಒಳಗೆ ಕಾವು ಮೀರುತ್ತಿದೆ. ನಮ್ಮ ಮೂರರಲ್ಲಿ ಎರಡು ಕಂದು, ಮೂರನೆಯದು ಕರಿ, ಪೆಟ್ರೋಲಿನಲ್ಲಿ ತೊಯ್ದಿತ್ತು. ಎಣ್ಣೆ ಮಾತ್ರ ಎಲ್ಲಿಯೂ ಇಲ್ಲ. "ಬೋರ್ ಹೋಗಿದ್ರ ಎಣ್ಣಿ ತೋರಸ್ತಿತ್ತು" ಎಂದರು ಚಾಚಾ. ಅಷ್ಟಕ್ಕೇ ಬಿಡದೆ ಕಂಪ್ರೆಶನ್ ಗೇಜ್ ಹಾಕಿ ನೋಡಿದರು. ಮೂರೂ ಸಿಲಿಂಡರಿನಲ್ಲಿ ಒತ್ತಡ ಹೆಚ್ಚುಕಡಿಮೆ ಒಂದೇ. ಇಪ್ಪತ್ತೈದು ಸಾವಿರದ ಮಾತು ಅಲ್ಲಿಗೆ ಮುಗಿಯಿತು.

ಮುಂದಿನದು ಇನ್ನೂ ಸರಳ. ಮೂರನೆಯ ಪ್ಲಗ್ ಒರೆಸಿ ಒಂದನೆಯ ಜಾಗಕ್ಕೆ, ಒಂದನೆಯದನ್ನು ಮೂರನೆಯ ಜಾಗಕ್ಕೆ ಹಾಕಿದರು. ಪ್ಲಗ್ ಕೆಟ್ಟಿದ್ದರೆ ರೋಗವೂ ಅದರ ಜೊತೆ ಜಾಗ ಬದಲಿಸಬೇಕು. ಬದಲಿಸಲಿಲ್ಲ, ಮೂರನೆಯದರಲ್ಲೇ ಉಳಿಯಿತು. ಅಂದರೆ ಗುಮಾನಿ ವಯರಿನ ಮೇಲೆ. ಮೀಟರ್ ಹಿಡಿದರೆ ವಯರಿನ ರೆಸಿಸ್ಟೆನ್ಸ್ ಸರಿಯಾಗಿಯೇ ತೋರಿಸಿತು! ನಾವು ಮುಖ ಮುಖ ನೋಡಿಕೊಂಡೆವು. ಚಾಚಾ ಸಂಜೆ ಆಗಲಿ ಎಂದರು.

ಕತ್ತಲಾದ ಮೇಲೆ ಶೆಡ್ಡಿನ ಲೈಟ್ ಆರಿಸಿ, ಇಂಜಿನ್ ಚಾಲೂ ಇಟ್ಟು, ಪಕ್ಕದ ಕಟಿಂಗ್ ಅಂಗಡಿಯಿಂದ ತಂದ ಸ್ಪ್ರೇ ಬಾಟಲಿಯಿಂದ ವಯರುಗಳ ಮೇಲೆ ನೀರಿನ ಮಂಜು ಹೊಡೆದರು. ಮೂರನೆಯ ವಯರು ಒಂದು ಕಬ್ಬಿಣದ ಪಟ್ಟಿಗೆ ತಾಗುವ ಕಡೆ ಸಣ್ಣ ನೀಲಿ ಕಿಡಿ ಚಟಚಟ ಎಂದಿತು. ಒಳಗಿನ ಎಳೆ ಗಟ್ಟಿ ಇದೆ, ಮೀಟರ್ ಹೇಳಿದ್ದು ಸುಳ್ಳಲ್ಲ. ಮೇಲಿನ ರಬ್ಬರು ಉಜ್ಜಿ ಉಜ್ಜಿ ತೆಳುವಾಗಿತ್ತು, ಅಷ್ಟೆ. ಒಣ ಹವೆಯಲ್ಲಿ ಕಿಡಿ ಹೇಗೋ ಪ್ಲಗ್ಗಿಗೇ ಹೋಗುತ್ತಿತ್ತು, ತೇವ ಬಿದ್ದ ಕೂಡಲೇ ಅಡ್ಡದಾರಿ ಹಿಡಿಯುತ್ತಿತ್ತು.

ಇದರ ಹಿಂದಿನ ಸಂಗತಿ ಕೆರೆ ಏರಿ ಕಂಡವರಿಗೆ ಬೇಗ ತಿಳಿಯುತ್ತದೆ. ಕಾಯಿಲ್ ಕೊಡುವ ಕರೆಂಟು ಹತ್ತಿಪ್ಪತ್ತು ಸಾವಿರ ವೋಲ್ಟು. ಅದು ಪ್ಲಗ್ಗಿನ ಎರಡು ತುದಿಗಳ ನಡುವಿನ ಸಂದು ಹಾರಬೇಕು. ಸಂದು ಹಿರಿದಾದಷ್ಟೂ ಹೆಚ್ಚು ವೋಲ್ಟು ಬೇಕು. ನಮ್ಮ ಗಾಡಿಗೆ ಇರಬೇಕಾದ ಸಂದು 0.7ರಿಂದ 0.8 ಮಿಲಿಮೀಟರ್. ಫೀಲರ್ ಗೇಜಿನಲ್ಲಿ ಅಳೆದರೆ ಸವೆದ ಪ್ಲಗ್ಗುಗಳಲ್ಲಿ ಒಂದು ಮಿಲಿಮೀಟರಿಗೂ ಮೀರಿತ್ತು. ತೂಬು ಕಟ್ಟಿಕೊಂಡರೆ ನೀರು ಏರಿಯ ಮೆತ್ತನೆ ಜಾಗ ಹುಡುಕುತ್ತದಲ್ಲ, ಹಾಗೆಯೇ ಕರೆಂಟು ವಯರಿನ ಸವೆದ ಜಾಗ ಹುಡುಕಿತ್ತು. ಅದಕ್ಕೇ ವಯರು ಮಾತ್ರ ಬದಲಿಸಿದರೆ ಸಾಲದು, ಪ್ಲಗ್ಗೂ ಹೊಸದು ಬೇಕು ಎಂದರು. ಈ ಬೆಳಕಿನ ಪರೀಕ್ಷೆ ನೀವು ಮಾಡುವುದಾದರೆ ವಯರಿಗೆ ಕೈ ತಾಗಿಸಬೇಡಿ. ಕಂಪ್ಯೂಟರ್ ಇರುವ ಹೊಸ ಗಾಡಿಗಳಲ್ಲಿ ಮಾಡಲೇಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ಪ್ಲಗ್ಗಿನ ತಲೆ ಮೇಲೇ ಕಾಯಿಲ್ ಕೂತಿರುತ್ತದೆ, ವಯರೇ ಇರುವುದಿಲ್ಲ.

ಮರುದಿನ ಹಾವೇರಿಗೆ ಹೋಗಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಂತೆವು. ಅಲ್ಲಿ ಗೊತ್ತಾದದ್ದೆಂದರೆ, ಪ್ಲಗ್ ಕೊಳ್ಳುವುದು ಬೀಜ ಕೊಂಡ ಹಾಗೆ. ಡಬ್ಬಿಯ ಮೇಲಿನ ಚಿತ್ರ ನೋಡಬಾರದು, ನಂಬರು ಓದಬೇಕು. ಒಂದು ಉದಾಹರಣೆ: ಎನ್‌ಜಿಕೆ ಪ್ಲಗ್ಗಿನ ಮೇಲೆ ಬಿಪಿಆರ್6ಇಎಸ್ ಎಂದಿದ್ದರೆ, ಬಿ ಅಂದರೆ 14 ಮಿಲಿಮೀಟರಿನ ಥ್ರೆಡ್, ಪಿ ಅಂದರೆ ಮೂತಿ ಮುಂದೆ ಚಾಚಿದ್ದು, ಆರ್ ಅಂದರೆ ಒಳಗೆ ರೆಸಿಸ್ಟರ್ ಇರುವುದು, ಇ ಅಂದರೆ 19 ಮಿಲಿಮೀಟರ್ ಉದ್ದದ ಥ್ರೆಡ್. ಈ ಉದ್ದ ತಪ್ಪಬಾರದು. ಹೆಚ್ಚು ಉದ್ದದ್ದು ಹಾಕಿದರೆ ಮೂತಿ ಪಿಸ್ಟನ್ನಿಗೆ ಬಡಿಯಬಹುದು. ಕಡಿಮೆ ಆದರೆ ಕಿಡಿ ಗೂಡಿನೊಳಗೇ ಉಳಿಯುತ್ತದೆ, ಖಾಲಿ ಬಿಟ್ಟ ಥ್ರೆಡ್ಡಿನಲ್ಲಿ ಮಸಿ ಕಟ್ಟುತ್ತದೆ.

ನಡುವೆ ಇರುವ 6, ಕಾವಿನ ನಂಬರು. ಇಲ್ಲಿಯೇ ಗೊಂದಲ ಇರುವುದು. ಎನ್‌ಜಿಕೆಯಲ್ಲಿ ನಂಬರು ಏರಿದಷ್ಟೂ ಪ್ಲಗ್ ತಂಪು, ಅಂದರೆ ಮೂತಿಯ ಕಾವನ್ನು ಬೇಗ ಇಳಿಸಿಬಿಡುತ್ತದೆ. ಬಾಷ್‌ನಲ್ಲಿ ತಿರುವುಮುರುವು, ನಂಬರು ಏರಿದಷ್ಟೂ ಬಿಸಿ. ಒಂದು ಕಂಪನಿಯ ನಂಬರು ಹೇಳಿ ಇನ್ನೊಂದು ಕಂಪನಿಯದು ಕೇಳಿದರೆ ಕೆಲಸ ಕೆಟ್ಟಿತು. ಹೊಂದಾಣಿಕೆಯ ಪಟ್ಟಿ ಅಂಗಡಿಯಲ್ಲಿರುತ್ತದೆ, ಅದನ್ನೇ ತೆಗೆಸಿ ನೋಡಬೇಕು. ಅಂಗಡಿಯ ಹುಡುಗ "ನಮ್ಮ ಕಡಿ ಬಿಸಲು ಜಾಸ್ತಿ ಐತ್ರಿ ಅಣ್ಣಾ, ಕೋಲ್ಡ್ ಪ್ಲಗ್ ಹಾಕ್ರಿ" ಎಂದ. ಕೇಳಲಿಕ್ಕೆ ಸರಿ ಅನ್ನಿಸುತ್ತದೆ. ಆದರೆ ಓಡುವ ಇಂಜಿನ್ನಿನಲ್ಲಿ ಪ್ಲಗ್ಗಿನ ಮೂತಿಯ ಕಾವು ಸುಮಾರು 450ರಿಂದ 850 ಡಿಗ್ರಿ ಒಳಗೆ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಮಸಿ ತಾನಾಗಿ ಸುಟ್ಟು ಹೋಗುವುದಿಲ್ಲ. ಹೆಚ್ಚಾದರೆ ಕಿಡಿ ಬೀಳುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಇದರ ಮುಂದೆ ಸವಣೂರಿನ ಬಿಸಿಲಿಗೂ ಹಾನಗಲ್ಲಿನ ಮಳೆಗೂ ಇರುವ ಹತ್ತು ಡಿಗ್ರಿ ಅಂತರ ಯಾವ ಲೆಕ್ಕ? ಗಾಡಿ ಮಾಡಿದವರು ಪುಸ್ತಕದಲ್ಲಿ ಬರೆದ ನಂಬರೇ ಸಾಕು.

ನಮ್ಮಲ್ಲೊಬ್ಬರಿಗೆ ಇರಿಡಿಯಂ ಪ್ಲಗ್ಗಿನ ಆಸೆ. ಅದು ಕೆಟ್ಟ ಮಾಲಲ್ಲ. ಇರಿಡಿಯಂ ಕರಗಲಿಕ್ಕೆ 2,446 ಡಿಗ್ರಿ ಬೇಕು, ನಿಕ್ಕಲ್ 1,455ಕ್ಕೇ ಕರಗುತ್ತದೆ. ಅದಕ್ಕೇ ಇರಿಡಿಯಂ ತುದಿಯನ್ನು ಅರ್ಧ ಮಿಲಿಮೀಟರಿನಷ್ಟು ಸಣ್ಣಗೆ ಮಾಡಬಹುದು, ಬಹಳ ದಿನ ಸವೆಯುವುದಿಲ್ಲ. ಕಡಿಮೆ ವೋಲ್ಟಿಗೂ ಕಿಡಿ ಹಾರುತ್ತದೆ. ಬೆಲೆ ಮಾತ್ರ ಸಾದಾ ಪ್ಲಗ್ಗಿನ ಐದಾರು ಪಟ್ಟು. ಕಾರ್ಬುರೇಟರಿನ ಹಳೇ ಇಂಜಿನ್ನಿನಲ್ಲಿ ಪೆಟ್ರೋಲ್ ಅಳತೆ ಏರುಪೇರಾಗಿ ಮಸಿ ಕಟ್ಟುವುದು ಇದ್ದದ್ದೇ. ಅಗ್ಗದ ಸಾದಾ ಪ್ಲಗ್ ಹಾಕಿ ಆಗಾಗ ಬಿಚ್ಚಿ ನೋಡುವುದೇ ನಮ್ಮಂಥ ಗಾಡಿಗೆ ಸರಿ ಅನ್ನಿಸಿತು. ಅಂದ ಹಾಗೆ, ಅಂಗಡಿಯವರು 'ಕಾಪರ್ ಪ್ಲಗ್' ಎನ್ನುವುದರಲ್ಲಿ ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ. ಕಿಡಿ ಬೀಳುವ ತುದಿ ನಿಕ್ಕಲ್ ಮಿಶ್ರಲೋಹ. ಚಾಚಾ ಇಂದಿಗೂ ಬಾಷ್ ಪ್ಲಗ್ಗಿಗೆ ಮೈಕೋ ಎಂದೇ ಕರೆಯುತ್ತಾರೆ. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲೇ ಹೆಸರು ಬದಲಿಸಿಕೊಂಡಿತು, ಅವರು ಬದಲಿಸಿಲ್ಲ.

ವಯರಿನ ವಿಷಯಕ್ಕೆ ಬಂದರೆ, ಮೂರು ಪ್ಲಗ್ಗಿಗೆ ಮೂರು, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಒಂದು, ಹೀಗೆ ಒಟ್ಟು ನಾಲ್ಕು ವಯರಿನ ಸೆಟ್. ಕೆಂಪು ಬಣ್ಣದ, ಹೆಬ್ಬೆಟ್ಟಿನಂಥ ದಪ್ಪದ 'ರೇಸಿಂಗ್' ವಯರು ತೋರಿಸಿದರು. ಮೇಲಿನ ಹೊದಿಕೆ ದಪ್ಪ ಇದ್ದ ಮಾತ್ರಕ್ಕೆ ಕಿಡಿ ಜೋರಾಗುವುದಿಲ್ಲ. ನೋಡಬೇಕಾದದ್ದು ಹೊದಿಕೆ ಸಿಲಿಕೋನಿನದೇ, ಬಾಯಿಯ ರಬ್ಬರು ಬಿಗಿಯಾಗಿ ಕೂರುತ್ತದೆಯೇ, ಉದ್ದ ನಮ್ಮ ಗಾಡಿಗೆ ತಕ್ಕದ್ದೇ ಎನ್ನುವುದು. ಗಿಡ್ಡ ಆದರೆ ಜಗ್ಗಿ ಬಿಚ್ಚಿಕೊಳ್ಳುತ್ತದೆ, ಉದ್ದ ಆದರೆ ಬಿಸಿ ಸೈಲೆನ್ಸರ್ ಪೈಪಿಗೆ ತಾಗುತ್ತದೆ. ಒಳಗೆ ಬರೀ ತಾಮ್ರದ ಎಳೆ ಇರುವ ವಯರು ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ರೆಸಿಸ್ಟೆನ್ಸ್ ಇಲ್ಲದ್ದರಿಂದ ರೇಡಿಯೊದಲ್ಲಿ ಗರಗರ ಶುರುವಾಗುತ್ತದೆ. ದೊಡ್ಡವ್ವನಿಗೆ ಹುಬ್ಬಳ್ಳಿ ಮುಟ್ಟುವವರೆಗೂ ಧಾರವಾಡ ಆಕಾಶವಾಣಿ ಬೇಕು. ಕಾರ್ಬನ್ ಎಳೆಯದೇ ತೆಗೆದುಕೊಂಡೆವು.

ಡೂಪ್ಲಿಕೇಟಿನ ಕಾಟ ಬೇರೆ. ಅದೇ ಡಬ್ಬಿ, ಅದೇ ಬಣ್ಣ, ಬೆಲೆ ಅರ್ಧ. ಪಿಂಗಾಣಿಯ ಮೇಲಿನ ಅಕ್ಷರ ಉಗುರಿನಿಂದ ಉಜ್ಜಿದರೆ ಅಳಿಸುವುದು, ಮೇಲಿನ ತುದಿ ಸೊಟ್ಟಗಿರುವುದು, ಥ್ರೆಡ್ ಒರಟಾಗಿರುವುದು, ವಾಶರು ಸಲೀಸಾಗಿ ಕಳಚಿ ಬರುವುದು ಎಲ್ಲ ಖೊಟ್ಟಿ ಮಾಲಿನ ಗುರುತು. ಬಿಲ್ ಕೊಡುವುದಿಲ್ಲ ಎಂದ ಅಂಗಡಿಯಿಂದ ಸುಮ್ಮನೆ ಎದ್ದು ಬಂದೆವು. ಮುಂದಿನ ಅಂಗಡಿಯಲ್ಲಿ ಪ್ಲಗ್ಗೂ ವಯರೂ ಸೇರಿ ಸಾವಿರ ರೂಪಾಯಿಯ ಒಳಗೇ ಮುಗಿಯಿತು, ಬಿಲ್ ಸಮೇತ.

ಕೂರಿಸುವಾಗ ಚಾಚಾ ನಮ್ಮ ಕೈಯಿಂದಲೇ ಮಾಡಿಸಿದರು. ಇಂಜಿನ್ ತಣ್ಣಗಾಗಿರಬೇಕು. ಪ್ಲಗ್ಗಿನ ಗುಂಡಿಯ ಧೂಳು ಮೊದಲು ಊದಿ ತೆಗೆಯಬೇಕು, ನಮ್ಮ ಎರೆಮಣ್ಣಿನ ಧೂಳು ಸಿಲಿಂಡರಿನೊಳಗೆ ಬಿದ್ದರೆ ಅರ ಹಾಕಿದಂತೆ. ಹೆಡ್ ಅಲ್ಯೂಮಿನಿಯಂ, ಆದ್ದರಿಂದ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಬೇಕು. ಬಿಗಿ ಅನ್ನಿಸಿದರೆ ಹೊರಗೆ ತೆಗೆದು ಮತ್ತೆ ಹಾಕಬೇಕು. ಹೊಸ ಪ್ಲಗ್ ತಳ ಮುಟ್ಟಿದ ಮೇಲೆ ಪಾನಾದಲ್ಲಿ ಅರ್ಧ ಸುತ್ತು, ಹೆಚ್ಚೆಂದರೆ ಇನ್ನೊಂಚೂರು. ಒಮ್ಮೆ ಬಿಚ್ಚಿದ ಹಳೇ ಪ್ಲಗ್ಗಿಗೆ ಅಷ್ಟೂ ಬೇಡ, ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟು ಸಾಕು. ವಯರನ್ನು ಒಂದು ತೆಗೆದು ಒಂದು ಹಾಕಬೇಕು. ನಾಲ್ಕನ್ನೂ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಅನ್ನುವುದು ಕಲಸಿ, 1-3-2ರ ಸರದಿ ತಪ್ಪುತ್ತದೆ. ವಯರು ಉಜ್ಜುತ್ತಿದ್ದ ಆ ಪಟ್ಟಿಗೆ ಹಳೇ ಟ್ಯೂಬಿನ ತುಂಡು ಸುತ್ತಿದೆವು.

ಗ್ಯಾಸ್ ಹಾಕಿಸಿ ಎಂದು ಹೇಳಿದವರೂ ಇದ್ದಾರೆ. ಗ್ಯಾಸಿನಲ್ಲಿ ಕಿಡಿ ಹಾರಲಿಕ್ಕೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟು ಬೇಕು. ಸವೆದ ವಯರಿನ ಗಾಡಿಗೆ ಅದು ಇನ್ನೂ ಬೇಗ ಕೈಕೊಡುತ್ತದೆ. ಅವರು ಹೇಳಿದ್ದು ಆರ್‌ಸಿ ಬುಕ್ಕಿಗೆ ಏರಿಸುವ ಕಿಟ್ ಅಲ್ಲ, ಅಡುಗೆಮನೆಯ ಸಿಲಿಂಡರ್ ಹಿಂದೆ ಇಡುವುದು. ಕಾನೂನಿಗೆ ವಿರುದ್ಧ ಅನ್ನುವುದು ಒಂದು ಕಡೆ ಇರಲಿ, ಮಲಗಿದ ದೊಡ್ಡವ್ವನ ಬೆನ್ನಿಗೆ ಸಿಲಿಂಡರ್ ಇಟ್ಟು ತಡಸ ದಾಟುವ ಎದೆ ನಮ್ಮ ನಾಲ್ವರಲ್ಲಿ ಯಾರಿಗೂ ಇಲ್ಲ.

ಈಗ ಗಾಡಿ ನಸುಕಿನ ಮಳೆಯಲ್ಲೂ ಒಂದೇ ಸೆಲ್ಫಿಗೆ ಚಾಲೂ ಆಗುತ್ತದೆ. "ಕೆಮ್ಮು ನಿಂತೇತಲ್ಲ ಇದರದು, ಯಾವ ಡಾಕ್ಟರ್‌ಗೆ ತೋರ್ಸಿದ್ರಿ?" ಎಂದು ಕೇಳಿದರು ದೊಡ್ಡವ್ವ. ಹಳೇ ಪ್ಲಗ್ಗುಗಳಲ್ಲಿ ಎರಡನ್ನು ಸಂದು ಸರಿಮಾಡಿ ಟೂಲ್ ಚೀಲದಲ್ಲಿ ಇಟ್ಟಿದ್ದೇವೆ. ಮೀಟರಿನ ಕೇಬಲ್ ಕಡಿದು ವರ್ಷಗಳಾದವು, ಹಾಗಾಗಿ ಎಷ್ಟು ಕಿಲೋಮೀಟರ್ ಆಯಿತೆಂದು ನಮಗೆ ತಿಳಿಯುವುದಿಲ್ಲ. ಅದಕ್ಕೆ ಸೀಟಿನ ಒಳಮೈಗೆ ಬಿಳಿ ಟೇಪ್ ಹಚ್ಚಿ, ಪ್ಲಗ್ಗಿನ ನಂಬರು, ಹಾಕಿದ ತಾರೀಖು, ಚಾಚಾನ ಫೋನ್ ನಂಬರು ಬರೆದಿಟ್ಟಿದ್ದೇವೆ. ದೀಪಾವಳಿಗೆ ಒಮ್ಮೆ ಬಿಚ್ಚಿ ಬಣ್ಣ ನೋಡಬೇಕು. ಈ ಸಲದ ಸರದಿ ಹಿರೇಕೆರೂರಿನವರದು.