ಮೈಕ್ ಸೆಟ್ಟಿಗೆ ಗಿಟಾರ್ ಬಂದ ಮೇಲೆ

ಎಪ್ಪತ್ತರ ದಶಕದ ಸಾಗರದಲ್ಲಿ ಮದುವೆ ಗೊತ್ತಾದರೆ ಮೊದಲು ಪುರೋಹಿತರಿಗೆ ಹೇಳುವುದು, ಆಮೇಲೆ ಅಡುಗೆ ಭಟ್ಟರಿಗೆ. ಮೂರನೆಯ ಸರದಿ ನನ್ನ ಸೋದರಮಾವನ ಮೈಕ್ ಸೆಟ್ ಅಂಗಡಿಯದು. ಎರಡು ಹಾರ್ನ್, ಒಂದು ಮೈಕು, ರೆಕಾರ್ಡ್ ಪ್ಲೇಯರ್, ಇಬ್ಬರು ಹೊರಬೇಕಾದಷ್ಟು ಭಾರದ ಆಂಪ್ಲಿಫೈಯರ್. ಕರೆಂಟಿಲ್ಲದ ಹಳ್ಳಿಯಾದರೆ ಲಾರಿಯ ಬ್ಯಾಟರಿಯೂ ಜೊತೆಗೆ. ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಂತೂ ಮಾವ ಊಟಕ್ಕೆ ಮನೆಗೆ ಬಂದರೆ ಪುಣ್ಯ. ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುತ್ತಿತ್ತು. ಅಲ್ಲಿಂದ ಮಳೆ ಹಿಡಿಯುವವರೆಗೆ ಅಂಗಡಿಯಲ್ಲಿ ಸಾಮಾನು ಇರುತ್ತಿರಲಿಲ್ಲ, ಬರೀ ಬುಕಿಂಗ್ ಡೈರಿ ಇರುತ್ತಿತ್ತು.

ಆಗಿನವೆಲ್ಲ ವಾಲ್ವ್ ಸೆಟ್ಟುಗಳು. ಸ್ವಿಚ್ ಹಾಕಿದ ಕೂಡಲೇ ಸದ್ದು ಬರುತ್ತಿರಲಿಲ್ಲ. ಫಿಲಮೆಂಟು ಕೆಂಡದ ಬಣ್ಣಕ್ಕೆ ತಿರುಗಿ, ವಾಲ್ವು ಕಾದು, ಆಮೇಲೆ ಹಾರ್ನಿನಲ್ಲಿ ‘ಗುಂಯ್’ ಎಂದು ಶುರುವಾಗಬೇಕು. ಮುಂದೆ ಸಣ್ಣ ಇಸಿಸಿ83, ಹಿಂದೆ ದಪ್ಪ ಇಎಲ್34 ಜೋಡಿ, ಅವೆರಡೂ ಸೇರಿ ಕೊಡುವುದು ಮೂವತ್ತು ವ್ಯಾಟಿನ ಆಸುಪಾಸು. ಒಳಗಿನ ಎಚ್.ಟಿ. (ಹೈ ಟೆನ್ಷನ್) ಮಾತ್ರ 400 ವೋಲ್ಟ್ ಮುಟ್ಟುತ್ತಿತ್ತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನವರೇ ರೇಡಿಯೋ ವಾಲ್ವ್ ತಯಾರಿಸುತ್ತಿದ್ದ ಕಾಲ ಅದು. ಮಾವ ಎಸ್.ಪಿ. ರಸ್ತೆಗೆ ಹೋದರೆ ವಾಲ್ವುಗಳನ್ನು ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು.

ಮಲೆನಾಡಿನ ಮಳೆಗಾಲ ಈ ಸೆಟ್ಟುಗಳಿಗೆ ಆಗಿಬರುತ್ತಿರಲಿಲ್ಲ. ಅಟ್ಟದ ಮೇಲೆ ನಾಲ್ಕು ತಿಂಗಳು ಕೂತ ಸೆಟ್ಟಿನಲ್ಲಿ ಮೇಣ ಹಚ್ಚಿದ ಕಾಗದದ ಕಂಡೆನ್ಸರುಗಳು ಥಂಡಿ ಕುಡಿದು ಸೋರುತ್ತಿದ್ದವು. ಹಾಗಾದಾಗ ಹಿಂದಿನ ಹಂತದ ಡಿ.ಸಿ. ವೋಲ್ಟೇಜು ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ನುಗ್ಗಿ, ಅದರ ಪ್ಲೇಟು ಕೆಂಪಗೆ ಕಾಯುತ್ತದೆ. ನೋಡುತ್ತ ನಿಂತರೆ ವಾಲ್ವು ಹೋಯಿತು, ಇನ್ನೂ ನಿಂತರೆ ಟ್ರಾನ್ಸ್‌ಫಾರ್ಮರೂ ಹೋಯಿತು. ಅದಕ್ಕೇ ಮಾವ ಯಾವ ಹಳೇ ಸೆಟ್ಟನ್ನೂ ನೇರವಾಗಿ ಪಾಯಿಂಟಿಗೆ ಚುಚ್ಚಿದ್ದನ್ನು ನಾನು ನೋಡಿಲ್ಲ. ಗೋಡೆಯಲ್ಲಿ ಒಂದು ಸೀರೀಸ್ ಬೋರ್ಡ್ ಇತ್ತು: ಫೇಸ್ ವಯರಿನ ದಾರಿಯಲ್ಲಿ ನೂರು ಕ್ಯಾಂಡಲ್ಲಿನ ಬಲ್ಬು. ಬಲ್ಬು ಒಮ್ಮೆ ಬೆಳಗಿ ಮಂದವಾದರೆ ಸೆಟ್ಟು ಪರವಾಗಿಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟು. ಊರಿನ ಯಾವ ಮೀಟರಿಗಿಂತ ಮಾವ ಆ ಬಲ್ಬನ್ನು ಹೆಚ್ಚು ನಂಬುತ್ತಿದ್ದರು.

ಶಾಕ್ ವಿಷಯಕ್ಕೆ ಬಂದರೆ, ಅದೊಂದು ದೊಡ್ಡ ಸಂಗತಿಯೇ ಆಗಿರಲಿಲ್ಲ. ಸೆಟ್ಟಿಗೆ ಇರುತ್ತಿದ್ದದ್ದು ಎರಡು ಪಿನ್ನಿನ ವಯರು, ಅರ್ತ್ ಎಂಬುದೇ ಇಲ್ಲ. ಗುಂಯ್ ಸದ್ದು ಕಡಿಮೆಯಾಗಲೆಂದು ಮೇನ್ಸಿನ ಒಂದು ತಂತಿಯಿಂದ ಚಾಸಿಗೆ, ಅಂದರೆ ಸೆಟ್ಟಿನ ಲೋಹದ ಚೌಕಟ್ಟಿಗೆ, ಸಣ್ಣ ಕಂಡೆನ್ಸರೊಂದನ್ನು ಕಂಪನಿಯವರೇ ಹಾಕಿರುತ್ತಿದ್ದರು. ಆ ತಂತಿ ನ್ಯೂಟ್ರಲ್ಲಾದರೆ ತೊಂದರೆಯಿಲ್ಲ, ಫೇಸಾದರೆ ಚಾಸಿ ಜುಮ್ಮೆನ್ನುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಭಾಷಣಕಾರರ ತುಟಿಗೆ ಮೈಕು ಚುರ್ ಎನಿಸಿದರೆ ಮಾವ ಅಲ್ಲಿಂದಲೇ ಕೂಗುತ್ತಿದ್ದರು: “ಪಿನ್ ತಿರುಗಿಸಿ ಹಾಕಾ!” ಹುಡುಗ ತಿರುಗಿಸಿ ಹಾಕುತ್ತಿದ್ದ, ಭಾಷಣ ಮುಂದುವರಿಯುತ್ತಿತ್ತು. ಅದೇ ಕಂಡೆನ್ಸರು ಒಳಗೆ ಶಾರ್ಟಾದರೆ ಚಾಸಿಗೆ ಪೂರಾ 230 ವೋಲ್ಟ್ ಬರುತ್ತದೆ ಎಂಬುದು ಮಾವನಿಗೆ ಗೊತ್ತಿತ್ತು. ಆದರೂ ನಡೆಯುತ್ತಿತ್ತು, ಯಾಕೆಂದರೆ ಮೈಕನ್ನು ಯಾರೂ ಹೊತ್ತುಗಟ್ಟಲೆ ಹಿಡಿದು ನಿಲ್ಲುತ್ತಿರಲಿಲ್ಲ. ಭಾಗವತರ ಮೈಕು ಸ್ಟ್ಯಾಂಡಿನಲ್ಲಿತ್ತು.

ಎಂಬತ್ತರ ದಶಕಕ್ಕೆ ಟ್ರಾನ್ಸಿಸ್ಟರ್ ಸೆಟ್ಟುಗಳು ಬಂದವು. 2ಎನ್3055 ಕೂರಿಸಿದ ಹಗುರ ಪೆಟ್ಟಿಗೆ, ಸ್ವಿಚ್ ಹಾಕಿದ ಕೂಡಲೇ ಸದ್ದು, ನೇರ 12 ವೋಲ್ಟ್ ಬ್ಯಾಟರಿಗೇ ನಡೆಯುತ್ತದೆ. ವಾಲ್ವ್ ಸೆಟ್ಟುಗಳು ಗುಜರಿಗೆ ಹೋದವು. ಗುಜರಿಯವನಿಗೆ ಬೇಕಿದ್ದದ್ದು ಟ್ರಾನ್ಸ್‌ಫಾರ್ಮರಿನ ತಾಮ್ರ ಮಾತ್ರ. ಮಾವ ಯಾಕೋ ಕೆಲವನ್ನು ಕೊಡದೆ ಅಟ್ಟದಲ್ಲೇ ಬಿಟ್ಟರು. ಆಮೇಲೆ ಡಿಜೆ ಬಂತು, ಹುಡುಗರು ಲಾರಿ ತುಂಬ ಬಾಕ್ಸ್ ಕಟ್ಟತೊಡಗಿದರು, ಅಂಗಡಿಯ ಬೋರ್ಡಿನ ಬಣ್ಣ ಮಾಸಿತು. ಆ ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಕೋವಿಡ್ ಸಮಯದಲ್ಲಿ ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಗೇ ಹೊತ್ತು ತಂದ ಅಕ್ಕನ ಮಗ ಗಿಟಾರನ್ನೂ ತಂದಿದ್ದ. ಅಟ್ಟದ ಸೆಟ್ಟು ನೋಡಿ ಅವನ ಕಣ್ಣರಳಿತು. “ಅಜ್ಜ, ಇದರಲ್ಲಿ ಗಿಟಾರ್ ನುಡಿಸಿದರೆ ಏನು ಚೆಂದ ಗೊತ್ತಾ? ಸದ್ದು ಒಡೆಯುವುದೇ ಬೇರೆ ಥರ!” ಸದ್ದು ಒಡೆಯಬಾರದೆಂದು ಜೀವಮಾನವಿಡೀ ಹೆಣಗಿದ ಮಾವನಿಗೆ ಇದು ಅರ್ಥವಾಗಲಿಲ್ಲ. ಹುಡುಗ ಹೇಳಿದ್ದರಲ್ಲಿ ಹುರುಳಿದೆ. ಗಿಟಾರ್ ಆಂಪ್ಲಿಫೈಯರಿಗೆ ಹೆಸರಾದ ಅಮೆರಿಕದ ಲಿಯೋ ಫೆಂಡರ್ 1938ರಲ್ಲಿ ತೆರೆದದ್ದು ರೇಡಿಯೋ ರಿಪೇರಿ ಅಂಗಡಿ. ಮೈಕ್ ಸೆಟ್ ಕಟ್ಟಿ ಬಾಡಿಗೆಗೆ ಬಿಡುತ್ತಿದ್ದವನು. ಮಾವನ ಕಸುಬಿನವನೇ ಅನ್ನಿ.

ಆದರೆ ಮಾವ ಗಿಟಾರನ್ನು ತಿರುಗಿಸಿ ನೋಡಿದವರು ಮೀಟರಿನ ಒಂದು ಕಡ್ಡಿಯನ್ನು ತಂತಿಗೆ, ಇನ್ನೊಂದನ್ನು ಜ್ಯಾಕಿನ ಹೊರ ಲೋಹಕ್ಕೆ ಇಟ್ಟರು. ಮುಳ್ಳು ಸೊನ್ನೆಗೆ ಬಂತು. “ನೋಡಾ ತಮ್ಮಾ, ನಿನ್ನ ಗಿಟಾರ್ ತಂತಿ ಅಂದರೆ ನನ್ನ ಚಾಸಿ. ನೀನು ಗಂಟೆಗಟ್ಟಲೆ ಚಾಸಿ ಹಿಡಿದು ಕೂರುವವ.” ಎಲೆಕ್ಟ್ರಿಕ್ ಗಿಟಾರಿನಲ್ಲಿ ಗುಂಯ್ ಸದ್ದು ತಗ್ಗಿಸಲು ತಂತಿಗಳನ್ನು ಬ್ರಿಡ್ಜಿನ ಮೂಲಕ ಕೇಬಲ್ಲಿನ ಹೊರ ಜಾಲರಿಗೆ ಸೇರಿಸಿರುತ್ತಾರೆ, ಆ ಜಾಲರಿ ಸೇರುವುದು ಸೆಟ್ಟಿನ ಚಾಸಿಗೆ. 1972ರಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ವೇಲ್ಸಿನ ಸ್ವಾನ್ಸಿಯ ವೇದಿಕೆಯಲ್ಲಿ ಅರ್ತ್ ಇಲ್ಲದ ಮೈಕು ಮುಟ್ಟಿ ಸತ್ತದ್ದು, ಯಾರ್ಡ್‌ಬರ್ಡ್ಸ್ ತಂಡದ ಕೀತ್ ರೆಲ್ಫ್ 1976ರಲ್ಲಿ ಮನೆಯಲ್ಲೇ ಗಿಟಾರಿನ ಶಾಕ್ ಹೊಡೆದು ಸತ್ತದ್ದು, ಇವನ್ನು ಹುಡುಗ ಆಮೇಲೆ ಫೋನಿನಲ್ಲಿ ಓದಿ ಹೇಳಿದ. ಮಾವನಿಗೆ ಅದರ ಅಗತ್ಯ ಇರಲಿಲ್ಲ.

ಕೆಲಸ ಶುರುವಾದದ್ದು ಬೆಸುಗೆಯಿಂದಲ್ಲ. ಪ್ಲಗ್ ಕಿತ್ತು ಕೆಳಗಿಟ್ಟ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ ಕೊಲ್ಲುವಷ್ಟು ಚಾರ್ಜ್ ಉಳಿದಿರುತ್ತದೆ. ಮಾವನ ಬಳಿ ಹತ್ತು ಕಿಲೋ ಓಮಿನ, ಹತ್ತು ವ್ಯಾಟಿನ ರೆಸಿಸ್ಟೆನ್ಸಿಗೆ ಎರಡು ಕಡೆ ರಬ್ಬರ್ ಹಿಡಿಯ ಕ್ಲಿಪ್ ಕಟ್ಟಿದ ವಯರಿತ್ತು. ಒಂದು ಕ್ಲಿಪ್ ಮೊದಲು ಚಾಸಿಗೆ, ಇನ್ನೊಂದು ಕಂಡೆನ್ಸರಿನ ಪ್ಲಸ್ಸಿಗೆ. ಎಡಗೈ ಬೆನ್ನ ಹಿಂದೆ. ಆಮೇಲೆ ಮೀಟರಿನಲ್ಲಿ ಸೊನ್ನೆ ಕಂಡರೆ ಮಾತ್ರ ಒಳಗೆ ಬೆರಳು. ಸ್ಕ್ರೂಡ್ರೈವರಿನಿಂದ ಟಪ್ಪೆಂದು ಶಾರ್ಟ್ ಮಾಡುವವರನ್ನು ಅವರು ಅಂಗಡಿಯೊಳಗೆ ಸೇರಿಸುತ್ತಿರಲಿಲ್ಲ.

ಎರಡು ಪಿನ್ನಿನ ವಯರು ಹೋಯಿತು, ಮೂರು ಕೋರಿನದು ಬಂತು. ಮೇನ್ಸಿನಿಂದ ಚಾಸಿಗಿದ್ದ ಆ ಕಂಡೆನ್ಸರನ್ನು ಮಾವ ಕತ್ತರಿಸಿ ಕಸದ ಡಬ್ಬಿಗೆ ಹಾಕಿದರು. ಫ್ಯೂಸು ಮತ್ತು ಸ್ವಿಚ್ಚು ಫೇಸಿನ ಕಡೆಗೇ ಬರುವಂತೆ ಮಾಡಿದರು. ಹಸಿರು ವಯರಿಗೆ ಚಾಸಿಯಲ್ಲಿ ಅದಕ್ಕೆಂದೇ ಒಂದು ಬೋಲ್ಟ್ ಬೇಕು, ಟ್ರಾನ್ಸ್‌ಫಾರ್ಮರಿನ ಬೋಲ್ಟಿಗೆ ಸಿಕ್ಕಿಸುವುದಲ್ಲ. ಡ್ರಿಲ್ ತೆಗೆದಾಗ ಹುಡುಗ ಬೇಡವೆಂದ. ತೂತು ಬಿದ್ದರೆ ಹಳೇ ಸೆಟ್ಟಿನ ಬೆಲೆ ಇಳಿಯುತ್ತದಂತೆ. ಹಳೆಯದನ್ನು ಇದ್ದ ಹಾಗೇ ಇಡಬೇಕೆಂಬ ಈ ಹೊಸ ಮಡಿ ನನಗೂ ಹಿಡಿಸುವುದಿಲ್ಲ. ಮಾವ ಉತ್ತರ ಕೊಡದೆ ತೂತು ಕೊರೆದರು. ಕಾಗದದ ಕಂಡೆನ್ಸರುಗಳು, ಫಿಲ್ಟರ್ ಕಂಡೆನ್ಸರುಗಳು ಪೂರ್ತಿ ಹೊಸವು.

ಮೈಕಿನ ಟ್ರಾನ್ಸ್‌ಫಾರ್ಮರ್ ತೆಗೆದು, ಗ್ರಿಡ್ಡಿನಿಂದ ಚಾಸಿಗೆ ಒಂದು ಮೆಗ್ ಓಮ್, ದಾರಿಯಲ್ಲಿ 68 ಕಿಲೋ ಓಮ್ ಹಾಕಿದ್ದು ಗಿಟಾರಿನ ಪಿಕಪ್ಪಿಗಾಗಿ. ಹಾರ್ನಿಗೆ ಹೋಗುತ್ತಿದ್ದ 100 ವೋಲ್ಟ್ ಲೈನನ್ನು ಮುಟ್ಟಲಿಲ್ಲ. ಮೂವತ್ತು ವ್ಯಾಟಿನ ಸೆಟ್ಟಿನಲ್ಲಿ ಆ ಲೈನು ಬಯಸುವುದು 333 ಓಮಿನ ಹೊರೆ, ಅಲ್ಲಿಗೆ 8 ಓಮಿನ ಸ್ಪೀಕರ್ ಕೊಟ್ಟರೆ ವಾಲ್ವು ಸಾಯುತ್ತದೆ. ಪಕ್ಕದಲ್ಲೇ 8 ಓಮಿನ ಟರ್ಮಿನಲ್ ಇತ್ತು. ಸ್ಪೀಕರೇ ಇಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಸಿಡಿಯುತ್ತದೆಂದು ಮುಚ್ಚಳದ ಮೇಲೆ ಮಾವ ಪೇಂಟಿನಲ್ಲಿ ಬರೆದೇಬಿಟ್ಟರು.

ಹುಡುಗ ಇನ್ನೊಂದು ಹಳೇ ಸೆಟ್ಟನ್ನೂ ಇಳಿಸಿ ತಂದಿದ್ದ. ಅದು ಎ.ಸಿ.-ಡಿ.ಸಿ. ಸೆಟ್ಟು, ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲ, ಚಾಸಿಯೇ ಮೇನ್ಸಿನ ಒಂದು ತಂತಿ. “ಇದನ್ನು ಗಿಟಾರಿಗೆ ಕೊಡುವ ಮಾತೇ ಇಲ್ಲ, ಮೇಲಿಡು,” ಅಂದರು.

ಮೊದಲಿನದು ಸೀರೀಸ್ ಬಲ್ಬಿನಲ್ಲಿ ಪಾಸಾಯಿತು. ಹುಡುಗ ಎತ್ತಿಕೊಂಡು ಹೊರಟಾಗ ಮಾವ ತಡೆದರು. “ಮನೆಯ ಪಾಯಿಂಟಿಗೆ ಅರ್ತ್ ಉಂಟಾ?” ಮೂರು ತೂತಿದೆ ಎಂದ ಅವನು. ಎಲೆಕ್ಟ್ರಿಶಿಯನ್ ಬಂದು ಫೇಸಿಗೂ ಅರ್ತಿಗೂ ಬಲ್ಬು ಹಿಡಿದರೆ ಹತ್ತಲೇ ಇಲ್ಲ. ಮೂರನೇ ತೂತಿನ ಹಿಂದೆ ವಯರೇ ಇರಲಿಲ್ಲ. ಹಿತ್ತಿಲಲ್ಲಿ ಗುಂಡಿ ತೋಡಿ, ಜಿ.ಐ. ಪೈಪ್ ಇಳಿಸಿ, ಇದ್ದಿಲು, ಉಪ್ಪು ತುಂಬಿ, ಮೀಟರ್ ಬೋರ್ಡಿಗೆ 30 ಮಿಲಿ ಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಆರ್‌ಸಿಸಿಬಿ ಕೂರಿಸುವವರೆಗೆ ಸೆಟ್ಟು ಅಂಗಡಿಯಿಂದ ಹೊರಡಲಿಲ್ಲ. ರಿಪೇರಿಗಿಂತ ಗುಂಡಿಗೇ ಜಾಸ್ತಿ ಖರ್ಚಾಯಿತೆಂದು ಅಕ್ಕ ಈಗಲೂ ಗೊಣಗುತ್ತಾಳೆ.