ಟಾಕೀಸು ಹೋಯಿತು, ಸ್ಟಾಪು ಉಳಿಯಿತು

ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರು "ಮಿನರ್ವ ಯಾರ್ರೀ ಇಳಿಯೋರು?" ಎಂದು ಕೂಗಿದರೆ ನಾಲ್ಕಾರು ಜನ ಎದ್ದು ಬಾಗಿಲ ಕಡೆ ಬರುತ್ತಾರೆ. ಅವರಲ್ಲಿ ಒಬ್ಬರೂ ಮಿನರ್ವ ಟಾಕೀಸಿಗೆ ಹೊರಟವರಲ್ಲ. ಹೊರಟರೂ ಅದು ಸಿಗುವುದಿಲ್ಲ. ಮಂಗಳೂರಿನಲ್ಲಿ ಜ್ಯೋತಿ ಟಾಕೀಸು ನೆಲಸಮವಾಗಿದೆ, ಸರ್ಕಲ್ಲಿಗೆ ಅಂಬೇಡ್ಕರರ ಹೆಸರಿದೆ, ಬಸ್ಸಿನವರು ಮಾತ್ರ ಈಗಲೂ "ಜ್ಯೋತಿ, ಜ್ಯೋತಿ" ಎನ್ನುತ್ತಾರೆ. ದಾವಣಗೆರೆಗೆ ಅರುಣಾ ಸರ್ಕಲ್ಲು, ಶಿವಮೊಗ್ಗಕ್ಕೆ ಲಕ್ಷ್ಮೀ ಟಾಕೀಸ್ ಸರ್ಕಲ್ಲು, ರಾಜಾಜಿನಗರಕ್ಕೆ ನವರಂಗ್. ಇವುಗಳಲ್ಲಿ ದೊಡ್ಡಣ್ಣ ಮೆಜೆಸ್ಟಿಕ್. ಅಲ್ಲಿ ಮೊದಲು ಧರ್ಮಾಂಬುಧಿ ಕೆರೆ ಇತ್ತು. ಕೆರೆ ಬತ್ತಿ ಬಸ್‌ಸ್ಟ್ಯಾಂಡಾಯಿತು. ಪಕ್ಕದ ರಸ್ತೆಯ ಮೆಜೆಸ್ಟಿಕ್ ಟಾಕೀಸಿನ ಹೆಸರು ಇಡೀ ಪ್ರದೇಶಕ್ಕೆ ಅಂಟಿಕೊಂಡಿತು. ಆಮೇಲೆ ಟಾಕೀಸೂ ಹೋಯಿತು. ಮೆಟ್ರೋದವರು ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿಟ್ಟರೂ, ಜನ ಇಳಿಯಬೇಕಾದ ಜಾಗ ತಪ್ಪಿಯಾರು ಎಂದೋ ಏನೋ, ಕೊನೆಗೆ ಒಂದು ಅಲ್ಪವಿರಾಮ ಹಾಕಿ "ಮೆಜೆಸ್ಟಿಕ್" ಸೇರಿಸಿಕೊಂಡರು. ಸಾಮ್ರಾಜ್ಯ ಕಟ್ಟಿದವರಿಗೂ ಸಿಗದ ಇಂಥ ಭಾಗ್ಯ ಒಂದು ಟಾಕೀಸಿಗೆ ಸಿಕ್ಕಿತಲ್ಲ!

ಟಾಕೀಸು ಮುಚ್ಚಿತು ಎಂಬ ಸುದ್ದಿ ಬಂದಾಗಲೆಲ್ಲ ನಾವು ಮೊದಲು ಟೀವಿಯನ್ನು ಬೈದೆವು, ಆಮೇಲೆ ವಿಡಿಯೊ ಕ್ಯಾಸೆಟ್ಟನ್ನು, ಕೇಬಲ್ಲನ್ನು, ಮಲ್ಟಿಪ್ಲೆಕ್ಸನ್ನು, ಈಗ ಮೊಬೈಲನ್ನು. ಇವೆಲ್ಲ ಟಾಕೀಸಿನ ಜನವನ್ನು ಕದ್ದದ್ದು ನಿಜ. ಆದರೆ ಅದರ ಗೋಡೆ ಕೆಡವಿಸಿದ್ದು ಅದು ನಿಂತಿದ್ದ ನೆಲವೇ ಎಂಬುದು ನನ್ನ ಅನುಮಾನ.

ಮೊದಲಿಗೆ ಸಿನಿಮಾಕ್ಕೆ ಸ್ವಂತ ನೆಲವೇ ಇರಲಿಲ್ಲ. ನಾಟಕದ ಹಾಲುಗಳಲ್ಲಿ ಅದು ಬಾಡಿಗೆಗಿತ್ತು. 1934ರ ಮಾರ್ಚ್‌ನಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ ಬಿಡುಗಡೆಯಾಯಿತು. ಪಟ್ಟಣದ ಮಾತು ಹಾಗಾಯಿತು. ಹಳ್ಳಿಗೆ ಸಿನಿಮಾ ಬಂದದ್ದು ಲಾರಿಯ ಮೇಲೆ, ಮಡಚಿದ ಟೆಂಟಾಗಿ. ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಊರಾಚೆ ಬಯಲಿನಲ್ಲಿ ಕಂಬ ಏಳುತ್ತಿತ್ತು. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರ ವೆಂಕಟೇಶ್ವರನ ಭಕ್ತಿಗೀತೆ ಬಂತೆಂದರೆ ಟಿಕೆಟ್ಟು ಕೊಡಲು ಶುರುವಾಯಿತೆಂದು ಅರ್ಥ; ಒಲೆಯ ಮುಂದೆ ಕೂತ ಹೆಂಗಸರ ಕೈ ಚುರುಕಾಗುತ್ತಿತ್ತು. ಒಳಗೆ ನೆಲ, ಬೆಂಚು, ಕುರ್ಚಿ ಎಂಬ ಮೂರು ವರ್ಣ. ನೆಲದವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಹಿಂದಿನವರಿಗೆ ಪರದೆ ಕಾಣದು, ಅಲ್ಲಿಗೆ ಜಗಳ. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ರೀಲು ಬದಲಾಯಿಸುವಾಗೆಲ್ಲ ಆಟ ನಿಲ್ಲುತ್ತಿತ್ತು. ಒಂದು ಸಿನಿಮಾಕ್ಕೆ ಹಲವು ಇಂಟರ್ವಲ್ಲು. ಲೈಸೆನ್ಸಿನ ಅವಧಿ ಮುಗಿದರೆ, ಇಲ್ಲವೇ ಮಳೆ ಹಿಡಿದರೆ, ಟೆಂಟು ಕಿತ್ತು ಇನ್ನೊಂದು ಊರಿಗೆ ಹೊರಡುತ್ತಿತ್ತು. ತೆರೆಯುವುದು, ಮುಚ್ಚುವುದು ಆ ಕಸುಬಿನಲ್ಲೇ ಇತ್ತು. ಟೆಂಟು ಹೋಯಿತೆಂದು ಯಾರೂ ಪತ್ರಿಕೆಗೆ ಬರೆಯಲಿಲ್ಲ.

ಗಾರೆಯ ಟಾಕೀಸು ಬಂದ ಮೇಲೆ ಲೆಕ್ಕ ಬದಲಾಯಿತು. ಹಣವಿದ್ದವರು ಊರ ನಡುವೆಯೋ ಅಂಚಿನಲ್ಲೋ ಅಗ್ಗದ ಸೈಟು ಕೊಂಡು, ಸಾವಿರ ಕುರ್ಚಿಯ ಹಾಲು ಕಟ್ಟಿ, ಮುಂದೆ ಸೈಕಲ್ ಸ್ಟ್ಯಾಂಡಿಗೆಂದು ಧಾರಾಳವಾಗಿ ಅಂಗಳ ಬಿಟ್ಟರು. ಜನ ಬಂದರು, ಜನರ ಹಿಂದೆ ಹೋಟೆಲು ಬಂತು, ಲಾಡ್ಜು ಬಂತು, ಬೀಡಾ ಅಂಗಡಿ ಬಂತು. ಬೆಂಗಳೂರಿನ ಕೆಂಪೇಗೌಡ ರಸ್ತೆ ಮತ್ತು ಅದರ ಆಸುಪಾಸಂತೂ ಟಾಕೀಸುಗಳ ಜಾತ್ರೆ: ಸಾಗರ್, ಹಿಮಾಲಯ, ಗೀತಾ, ಅಲಂಕಾರ್, ಕಲ್ಪನಾ, ಸ್ಟೇಟ್ಸ್, ಮೇನಕಾ, ತ್ರಿಭುವನ್, ಕೈಲಾಶ್, ಅನುಪಮಾ, ತ್ರಿವೇಣಿ, ಒಂದೇ ಆವರಣದಲ್ಲಿ ನರ್ತಕಿ, ಸಂತೋಷ್, ಸಪ್ನ. 'ಬಂಗಾರದ ಮನುಷ್ಯ' ಸ್ಟೇಟ್ಸ್‌ನಲ್ಲಿ ಎರಡು ವರ್ಷ ಓಡಿತು ಎಂಬುದು ಗಾಂಧಿನಗರದ ಸಿನಿಮಾ ಮಂದಿ ಇವತ್ತಿಗೂ ಎದೆಯುಬ್ಬಿಸಿ ಹೇಳುವ ಮಾತು. 1968ರಲ್ಲಿ ಸುಬೇದಾರ್ ಛತ್ರಂ ರಸ್ತೆಯಲ್ಲಿ ಕಪಾಲಿ ಬಂತು. ಉದ್ಘಾಟನೆಗೆ ಬಂದವರು ಆಗ ಉಪಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ. ಬಾಗಿದ ಅಗಲ ಪರದೆಯ ಸಿನೆರಾಮಾ, ಸಾವಿರದ ನಾನೂರಕ್ಕೂ ಮೀರಿದ ಕುರ್ಚಿ.

ಆ ವೈಭವದ ನಿಜವಾದ ಬಾಗಿಲು ಅಗ್ಗದ ಗಾಂಧಿ ಕ್ಲಾಸಿನ ಕೌಂಟರು. ಕಬ್ಬಿಣದ ಪೈಪಿನ ನಡುವೆ ಒಬ್ಬರೇ ಹಿಡಿಸುವ ಓಣಿ. ಒಳಹೊಕ್ಕರೆ ಹಿಂದೆ ಬರಲಾಗದು, ಮುಂದೆ ಹೋಗಲು ಮುಂದಿನವರ ಬೆನ್ನು ಬಿಡದು. ಕೊನೆಯಲ್ಲಿ ಗೋಡೆಗೊಂದು ತೂತು, ಮುಷ್ಟಿಯಷ್ಟೇ ಅಗಲ. ಟಿಕೆಟ್ಟು ಕೊಡುವವರ ಮುಖ ಯಾರಿಗೂ ಕಾಣದು. ದುಡ್ಡು ಹಿಡಿದ ಕೈ ಒಳಗೆ ಹೋಗಬೇಕು. ಅದೇ ತೂತಿಗೆ ಇನ್ನೂ ಎರಡು ಕೈ ತುರುಕಿಕೊಂಡಿರುತ್ತವೆ. ಹೊರಗೆ ಬರುವಾಗ ಮೊಣಕೈಯ ಚರ್ಮ ತರಚಿರುತ್ತದೆ, ಮುಷ್ಟಿಯಲ್ಲಿ ತೆಳು ಬಣ್ಣದ ಕಾಗದದ ಚೀಟಿ ಬೆವರಿಗೆ ಒದ್ದೆಯಾಗಿರುತ್ತದೆ. ಅಷ್ಟರಲ್ಲಿ ಹೊರಗೆ ಹೌಸ್‌ಫುಲ್ ಬೋರ್ಡು ಬೀಳುತ್ತದೆ, ಮರದ ಕೆಳಗೆ ಬ್ಲಾಕ್ ಟಿಕೆಟ್ಟಿನವರು ಪಿಸುಗುಟ್ಟಲು ಶುರುಮಾಡುತ್ತಾರೆ. ಒಳಗಿನ ಸುಖವನ್ನೂ ಹೇಳಬೇಕಲ್ಲ: ಕುರ್ಚಿಯ ತಿಗಣೆ, ಮೂಲೆಯ ಮೂತ್ರದ ವಾಸನೆ, ಸದ್ದು ಮಾಡಿದಷ್ಟು ಗಾಳಿ ಬೀಸದ ಫ್ಯಾನು. ಹಳೆಯ ಟಾಕೀಸುಗಳ ಮೇಲೆ ಕಣ್ಣೀರು ಸುರಿಸುವ ಬರಹಗಳಲ್ಲಿ ತಿಗಣೆಗೆ ಯಾಕೋ ಜಾಗ ಸಿಗುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವವರು 2004ರಲ್ಲಿ ಕೋರಮಂಗಲದ ಮಾಲ್‌ನಲ್ಲಿ ಹನ್ನೊಂದು ಪರದೆಯ ಮಲ್ಟಿಪ್ಲೆಕ್ಸ್ ತೆರೆದಾಗ ಅತ್ತ ತಿರುಗಿದ್ದರಲ್ಲಿ ತಿಗಣೆಯ ಪಾಲೂ ಇತ್ತು.

ಈಗ ನೆಲದ ಮಾತಿಗೆ ಬರೋಣ. ಟಾಕೀಸು ದಿನಕ್ಕೆ ನಾಲ್ಕು ಆಟ ಆಡುತ್ತದೆ. ಉಳಿದ ಹೊತ್ತು ಅಷ್ಟು ದೊಡ್ಡ ಹಾಲು ಕತ್ತಲೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅದರ ಮೇಲೆ ಮಹಡಿ ಏರಿಸುವಂತಿಲ್ಲ, ಒಳಗೆ ಅಂಗಡಿ ಹಾಕುವಂತಿಲ್ಲ. ಅಂಗಳ ಇನ್ನೂ ದಂಡ. ಟಾಕೀಸು ಕರೆತಂದ ಜನಜಂಗುಳಿಯಿಂದಲೇ ಸುತ್ತಲಿನ ನೆಲದ ಬೆಲೆ ಏರಿತು. ಏರಿದ ಬೆಲೆ ಒಂದು ದಿನ ಮಾಲೀಕರ ಮಗನ ಮುಂದೆಯೋ ಮೊಮ್ಮಗಳ ಮುಂದೆಯೋ ಬಂದು ಕೂತು, ಬಾಲ್ಕನಿ ಟಿಕೆಟ್ಟು ಮಾರಿ ಎಷ್ಟು ವರ್ಷಕ್ಕೆ ಇಷ್ಟು ದುಡ್ಡು ನೋಡುತ್ತೀರಿ ಎಂದು ಕೇಳಿತು. ಉತ್ತರ ಹೇಳಲು ಯಾರಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಲಂಕಾರ್ ಇದ್ದಲ್ಲಿ ಅಲಂಕಾರ್ ಪ್ಲಾಜಾ ಎದ್ದಿತು. ಎಂ.ಜಿ. ರಸ್ತೆಯ ಪ್ಲಾಜಾ ಮೆಟ್ರೋಗೆ ಹೋಯಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಕಪಾಲಿ 2017ರಲ್ಲೇ ಮುಗಿದಿತ್ತು. ಅಲ್ಲೀಗ ಮಾಲ್, ಅದರೊಳಗೆ ಮಲ್ಟಿಪ್ಲೆಕ್ಸ್. ಸ್ಯಾಂಕಿ ರಸ್ತೆಯ ಕಾವೇರಿ 1974ರಲ್ಲಿ ಹುಟ್ಟಿ, ಐವತ್ತು ತುಂಬಿಸಿಕೊಂಡು 2024ರಲ್ಲಿ ಹೋಯಿತು. ಮೈಸೂರಿನ ಶಾಂತಲಾ, ಲಕ್ಷ್ಮೀ ಕೊರೊನಾ ಕಾಲದಲ್ಲಿ ಮುಚ್ಚಿದ ಬಾಗಿಲನ್ನು ಮತ್ತೆ ನಿಜವಾಗಿ ತೆರೆಯಲೇ ಇಲ್ಲ. ಕೊರೊನಾ ಕೊಂದಿತು ಎನ್ನುತ್ತಾರೆ. ಕಾಯಿಲೆ ಮೊದಲೇ ಇತ್ತು. ಅದು ನೆಪ ಕೊಟ್ಟಿತು.

ಮಾಲೀಕರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ವಿದ್ಯುತ್ ಬಿಲ್ಲು, ಆಸ್ತಿ ತೆರಿಗೆ, ಗೇಟ್‌ಕೀಪರಿನಿಂದ ಆಪರೇಟರ್‌ವರೆಗೆ ಸಂಬಳ, ಇದೆಲ್ಲ ಸಿನಿಮಾ ಓಡಿದರೂ ಓಡದಿದ್ದರೂ ತಿಂಗಳಿಗೆ ಸರಿಯಾಗಿ ಬರುತ್ತದೆ. ರೀಲು ಹೋಗಿ ಡಿಜಿಟಲ್ ಬಂದಾಗ ಹೊಸ ಯಂತ್ರ ಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು, ಹೈಕೋರ್ಟು ತಡೆ ಕೊಟ್ಟಿತು, ಪರ, ವಿರೋಧ ಎರಡೂ ಕಡೆ ದೊಡ್ಡ ಗಲಾಟೆ. ಮಾಮೂಲಿ ದಿನಗಳಲ್ಲಿ ಆ ಗೆರೆ ಮುಟ್ಟುವುದೇ ಅಪರೂಪವಾದ ತಾಲ್ಲೂಕು ಟಾಕೀಸಿನವರು ಅದನ್ನು ಪಕ್ಕದ ಮನೆಯ ವ್ಯಾಜ್ಯದಂತೆ ನೋಡುತ್ತ ಕೂತಿದ್ದರು.

ಹಾಗಾದರೆ ಕೆಂಪೇಗೌಡ ರಸ್ತೆಯಲ್ಲಿ ಉಳಿದವು ಹೇಗೆ ಉಳಿದವು? ಇದಕ್ಕೆ ಕಾರಣ ಗಾಂಧಿನಗರದ ಒಂದು ಹಳೆಯ ನಂಬಿಕೆ. ಕನ್ನಡ ಸಿನಿಮಾಕ್ಕೆ ಅಲ್ಲಿ ಒಂದು 'ಮೇನ್ ಥಿಯೇಟರ್' ಬೇಕು. ರಾಜ್ಯದ ತುಂಬ ಮಲ್ಟಿಪ್ಲೆಕ್ಸಿನಲ್ಲಿ ಬಿಡುಗಡೆಯಾಗಲಿ, ಪೋಸ್ಟರಿನ ಮೇಲೆ ನರ್ತಕಿಯದೋ ಸಂತೋಷ್‌ದೋ ಅನುಪಮಾದೋ ಹೆಸರು ದಪ್ಪಕ್ಷರದಲ್ಲಿ ಇರದಿದ್ದರೆ ಹೀರೋ ಕಡೆಯವರು ಒಪ್ಪುವುದಿಲ್ಲ. ಮಾಲ್‌ನ ಸೆಕ್ಯೂರಿಟಿಯವರು ಕಟೌಟು ನಿಲ್ಲಿಸಲು ಬಿಡರು, ಹಾಲಿನ ಅಭಿಷೇಕವಂತೂ ದೂರದ ಮಾತು. ಅದಕ್ಕೆ ಅಂಗಳವೇ ಬೇಕು. ಹಾಗಾಗಿ ನಿರ್ಮಾಪಕರು ವಾರದ ಬಾಡಿಗೆ ಕಟ್ಟಿ ಹಾಲು ಹಿಡಿಯುತ್ತಾರೆ. ಸೋಮವಾರದ ಮ್ಯಾಟಿನಿಗೆ ಹತ್ತು ಜನ ಬಂದರೂ ಬಾಡಿಗೆ ಬಾಡಿಗೆಯೇ. ಗುರುವಾರ ರಾತ್ರಿ ಹಳೆಯ ಹೀರೋನ ಕಟೌಟು ಇಳಿದು ಹೊಸಬರದು ಏರುತ್ತದೆ. ಹೂವಿನವರು ಯಾವ ಸಿನಿಮಾ ಗೆದ್ದಿತು, ಯಾವುದು ಸೋತಿತು ಎಂದು ವಿಚಾರಿಸುವುದಿಲ್ಲ. ಮೂರಾಳೆತ್ತರದ ಹಾರಕ್ಕೆ ಮುಂಗಡ ಎಣಿಸಿಕೊಂಡು, ಮುಂದಿನ ಶುಕ್ರವಾರ ಯಾರದು ಎಂದಷ್ಟೇ ಕೇಳುತ್ತಾರೆ.