ಕೈ ಸೋಲುತ್ತದೆ

ಗಡಿನಾಡಿನ ಕನ್ನಡಿಗರಾದ ನಮಗೆ ಭಾಷಾಂತರವು ಯಾವ ಗುರುವೂ ಕಲಿಸದೆ ಬಂದ ವಿದ್ಯೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಸ್ಲೇಟು ಹಿಡಿದ ತಲೆಮಾರು ನಮ್ಮದು. ಮನೆಯಲ್ಲಿ ಒಂದು ಮಾತು, ಪೇಟೆಯಲ್ಲಿ ಒಂದು, ಕಚೇರಿಯ ಕಾಗದದಲ್ಲಿ ಮತ್ತೊಂದು. ರೇಷನ್ ಕಾರ್ಡಿನ ಅರ್ಜಿ, ವಿದ್ಯುತ್ ಬಿಲ್ಲು, ಭೂಕಂದಾಯದ ನೋಟೀಸು ಮೊದಲಾದವನ್ನು ಹಿಡಿದು ನೆರೆಕರೆಯವರು ನಮ್ಮ ಜಗಲಿಗೆ ಬರುತ್ತಿದ್ದರು. ನಾವು ಓದಿ ಹೇಳುತ್ತಿದ್ದೆವು. ಅಧ್ಯಾಪಕರೆಂದ ಮೇಲೆ ಅಷ್ಟು ಮಾಡಬೇಡವೇ ಎಂಬ ಭಾವನೆ ಅವರಿಗೂ ಇತ್ತು, ನಮಗೂ ಇತ್ತು. ಎರಡು ಭಾಷೆ ಬಲ್ಲವರೆಂಬ ಹೆಮ್ಮೆಯೂ ಸ್ವಲ್ಪ ಇತ್ತು. ಆ ಹೆಮ್ಮೆ ಎಲ್ಲಿ ಮುರಿಯಿತು ಎಂಬುದನ್ನು ಈ ಸಂಚಿಕೆಗಾಗಿ ಬರೆಯುತ್ತಿದ್ದೇವೆ. ಬರೆಯಲು ನಮ್ಮ ಮನೆಯವರ ಒಪ್ಪಿಗೆಯನ್ನು ಕೇಳಿ ಪಡೆದಿದ್ದೇವೆ.

1993ರ ಮಳೆಗಾಲದ ಆರಂಭದಲ್ಲಿ ಅವರು ಮೊದಲ ಬಾರಿಗೆ "ಕೈ ಸೋಲುತ್ತದೆ" ಎಂದರು. ಆಗ ಅವರಿಗೆ ಮೂವತ್ತೇಳು ವರ್ಷ. ದೋಸೆಗೆ ಅಕ್ಕಿ ಕಡೆಯುವಾಗ ಮೊದಲ ಹತ್ತಿಪ್ಪತ್ತು ಸುತ್ತು ಸಲೀಸು. ಆಮೇಲೆ ಗುಂಡುಕಲ್ಲನ್ನು ತಿರುಗಿಸಲು ಕೈಯೇ ಬಾರದು. ಐದು ನಿಮಿಷ ಗೋಡೆಗೊರಗಿ ಕುಳಿತರೆ ಮತ್ತೆ ಬಲ ಬರುತ್ತದೆ. ಮಗಳಿಗೆ ಒಂದು ಜಡೆ ಹೆಣೆದು, ಕೈ ಇಳಿಸಿ ಕುಳಿತು, ಬಳಿಕ ಇನ್ನೊಂದು ಜಡೆಗೆ ಕೈ ಹಾಕುವರು. ಶಾಲೆಗೆ ತಡವಾಯಿತೆಂದು ಮಗಳು ಗೊಣಗುವಳು. ಊಟಕ್ಕೆ ಕುಳಿತರೆ ಮೊದಲಿನ ನಾಲ್ಕು ತುತ್ತು ಸರಿ, ಮತ್ತೆ ದವಡೆ ಸೋಲುತ್ತದೆ. ಸಂಜೆಯಾಗುತ್ತಿದ್ದಂತೆ ಎಡಗಣ್ಣಿನ ರೆಪ್ಪೆ ತಾನಾಗಿ ಇಳಿಯುತ್ತದೆ. ಶುಕ್ರವಾರದ ಭಜನೆಯಲ್ಲಿ ಮೂರನೆಯ ಹಾಡಿಗೆ ಬರುವಷ್ಟರಲ್ಲಿ ಸ್ವರ ಮೂಗಿನಿಂದ ಹೊರಟಂತೆ ಕೇಳುತ್ತದೆ. ಬೆಳಿಗ್ಗೆ ಎದ್ದಾಗ ಇವಾವುವೂ ಇಲ್ಲ.

ಪೇಟೆಯ ವೈದ್ಯರಲ್ಲಿಗೆ ಹೋದೆವು. ಊರು, ಹೆಸರು ಬೇಡ. ಅವರು ಸಜ್ಜನರು, ಬಡವರಿಂದ ಹಣ ಕೇಳದವರು. ಅವರಿಗೆ ಕನ್ನಡ ಬಾರದು. ಮನೆಯವರ ಮಲಯಾಳ ಅಂಗಡಿಯ ವ್ಯವಹಾರಕ್ಕಷ್ಟೇ ಸಾಲುವಂಥದು. ನಡುವೆ ನಾವು ಕುಳಿತೆವು. ಚೀಟಿ ತೆಗೆದುಕೊಂಡು ಬೆಂಚಿನ ಮೇಲೆ ಎರಡು ಗಂಟೆ ಕಾದ ಬಳಿಕ ನಮ್ಮ ಸರದಿ ಬಂದಿತ್ತು. ವಿಶ್ರಾಂತಿಯಿಂದ ತಗ್ಗುವುದೇ ಆ ಕಾಯಿಲೆಯ ಗುಣವೆಂದು ಆಗ ಯಾರು ಬಲ್ಲರು! ಕಾದಷ್ಟೂ ರೋಗಿಯು ಆರೋಗ್ಯವಂತರಂತೆ ಕಾಣುತ್ತಿದ್ದರು.

"ಕೈ ಸೋಲುತ್ತದೆ, ದವಡೆ ಸೋಲುತ್ತದೆ" ಎಂದು ಅವರು ಹೇಳಿದ್ದನ್ನು ನಾವು "ಕ್ಷೀಣಂ" ಎಂದು ಮಲಯಾಳಕ್ಕೆ ತಿರುಗಿಸಿದೆವು. ಕ್ಷೀಣವೆಂದರೆ ಆ ಭಾಷೆಯಲ್ಲಿ ದಣಿವು, ಆಯಾಸ. ಬಿಸಿಲಲ್ಲಿ ನಡೆದವನಿಗೂ ಕ್ಷೀಣ, ಜ್ವರ ಬಿಟ್ಟವನಿಗೂ ಕ್ಷೀಣ, ನಿದ್ದೆಗೆಟ್ಟವನಿಗೂ ಕ್ಷೀಣ. ಸೋಲುವುದೆಂದರೆ ಬೇರೆ. ಮನಸ್ಸು ಮಾಡೆನ್ನುತ್ತದೆ, ಅಂಗವು ಒಲ್ಲೆನ್ನುತ್ತದೆ. ಅದಕ್ಕೆ ಹತ್ತಿರವಾದ "ತಳರ್ಚ" ಎಂಬ ಮಾತು ಮಲಯಾಳದಲ್ಲಿದೆ. ನಮಗದು ತಿಳಿಯದ್ದೂ ಅಲ್ಲ. ನಾಲಗೆಗೆ ಸುಲಭವಾಗಿ ಬಂದದ್ದು ಮಾತ್ರ ಕ್ಷೀಣ. ಹುಡುಗರ ಉತ್ತರಪತ್ರಿಕೆಯಲ್ಲಿ ಇಂಥ ಭಾಷಾಂತರಕ್ಕೆ ಕೆಂಪು ಗೆರೆಯೆಳೆದು ಅರ್ಧ ಅಂಕ ಕಳೆಯುತ್ತಿದ್ದವರು ನಾವು.

ರಕ್ತ, ಮೂತ್ರ, ಇಸಿಜಿ, ಎದೆಯ ಎಕ್ಸ್‌ರೇ ಎಲ್ಲವೂ ಸರಿಯಾಗಿವೆ ಎಂದು ಬಂತು. ವೈದ್ಯರು ಕಾಗದಗಳನ್ನು ಒಟ್ಟುಮಾಡಿಟ್ಟು, ಮನೆಯಲ್ಲಿ ಏನಾದರೂ "ವಿಷಮ" ಉಂಟೇ ಎಂದು ಕೇಳಿದರು. ಅದೇ ಸಂಸ್ಕೃತ ಪದ ಕನ್ನಡದಲ್ಲಿ ಒಂದು ದಾರಿ ಹಿಡಿದಿದೆ, ಮಲಯಾಳದಲ್ಲಿ ದುಃಖ, ಬೇಸರ ಎಂಬ ದಾರಿ ಹಿಡಿದಿದೆ. ಆ ವರ್ಷ ನಮ್ಮ ತಾಯಿಯವರು ತೀರಿಕೊಂಡಿದ್ದರು. ನಾವು ಹೌದೆಂದೆವು. ವೈದ್ಯರ ಮುಖ ಅರಳಿತು. ಬೀಗಕ್ಕೆ ಕೀಲಿಕೈ ಸಿಕ್ಕಿತಲ್ಲ. ಆಗ ಮನೆಯವರು ನಮ್ಮತ್ತ ತಿರುಗಿ ಹೇಳಿದರು: "ವಿಷಮ ಯಾರಿಗಿಲ್ಲ? ವಿಷಮದಿಂದ ಕಣ್ಣಿನ ರೆಪ್ಪೆ ಒಂದೇ ಬದಿ ಬೀಳುತ್ತದೆಯೋ ಎಂದು ಅವರಲ್ಲಿ ಕೇಳಿ."

ಆ ವಾಕ್ಯವನ್ನು ನಾವು ಭಾಷಾಂತರಿಸಲಿಲ್ಲ. ವೈದ್ಯರಿಗೆ ಎದುರು ಹೇಳಿದಂತಾಗುತ್ತದೆ ಎಂಬ ಸಂಕೋಚ. ಹೆಂಗಸರು ಹೀಗೆಯೇ ಎಂಬಂತೆ ಒಂದು ನಗು ನಕ್ಕೆವು, ವೈದ್ಯರೂ ನಕ್ಕರು. ನಿದ್ರೆಯ ಮಾತ್ರೆ, ವಿಟಮಿನ್ನು, "ಟೆನ್ಶನ್ ಮಾಡಬೇಡಿ" ಎಂಬ ಉಪದೇಶ ಇವಿಷ್ಟನ್ನು ಪಡೆದು ಮರಳಿದೆವು.

ಅವರು ಹೇಳಿದ್ದು ಒಂದು ದಿನ. ನಾವು ಹೇಳಿದ್ದು ಒಂದೂವರೆ ವರ್ಷ. ಮನಸ್ಸು ಗಟ್ಟಿ ಮಾಡಬೇಕು, ಬೆಳಿಗ್ಗೆ ಬೇಗ ಎದ್ದು ನಡೆಯಬೇಕು, ಪುರಾಣ ಓದಬೇಕು, ನಾಲ್ಕು ಜನರೊಡನೆ ಬೆರೆಯಬೇಕು. ಬಂಧುಗಳಲ್ಲಿ ಕೆಲವರು ಕಣ್ಣು ತಾಗಿದೆ ಎಂದು ನೂಲು ಕಟ್ಟಿಸಿದರು. ನಮ್ಮ ಆಧುನಿಕ ವಿವರಣೆಗಿಂತ ಅದು ಮೇಲು. ಕಣ್ಣು ತಾಗಿದ್ದರೆ ತಪ್ಪು ರೋಗಿಯದಲ್ಲವಲ್ಲ. ಮನೆಯವರು ಹೇಳುವುದನ್ನೇ ನಿಲ್ಲಿಸಿದರು. ನೀರು ಸೇದುವುದು, ಕಡೆಯುವುದು, ಅಡುಗೆ ಎಲ್ಲವನ್ನೂ ಬೆಳಗಿನ ಎಂಟು ಗಂಟೆಯೊಳಗೆ ಮುಗಿಸತೊಡಗಿದರು. ಅಗಿಯುವ ಪದಾರ್ಥಗಳನ್ನು ಬಿಟ್ಟು ಗಂಜಿಗೆ ಇಳಿದರು. ಭಜನೆಗೆ ಹೋಗುವುದನ್ನು ಬಿಟ್ಟರು. ಇವೆಲ್ಲ ರೋಗದೊಡನೆ ಬದುಕಲು ಅವರೇ ಕಂಡುಕೊಂಡ ಉಪಾಯಗಳಾಗಿದ್ದವು. ನಮಗೆ ಕಂಡದ್ದು ಬೇಸರ, ಹಠ, ಮೌನ. ನಿದ್ರೆಯ ಮಾತ್ರೆಯನ್ನು ತಪ್ಪದೆ ನಾವೇ ಎಣಿಸಿ ಕೊಡುತ್ತಿದ್ದೆವು. ಅಂಥ ಮಾತ್ರೆಗಳು ಈ ಕಾಯಿಲೆಯವರ ಉಸಿರಾಟವನ್ನು ಇನ್ನಷ್ಟು ದುರ್ಬಲಗೊಳಿಸಬಲ್ಲವೆಂದು ತಿಳಿದದ್ದು ಅನಂತರ.

1995ರ ಜನವರಿಯ ಒಂದು ರಾತ್ರಿ ಅವರು ಕುಡಿದ ನೀರು ಮೂಗಿನಿಂದ ಹೊರಬಂತು. ಕೆಮ್ಮಲೂ ಬಲವಿರಲಿಲ್ಲ. ತಲೆ ನೆಟ್ಟಗೆ ನಿಲ್ಲದೆ ಕೈಯಿಂದ ಗದ್ದವನ್ನು ಎತ್ತಿ ಹಿಡಿದುಕೊಂಡು ನಮ್ಮನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಬೆಳಕು ಹರಿಯುವ ಮುನ್ನ ನೆರೆಮನೆಯವರ ಜೀಪಿನಲ್ಲಿ ತಲಪಾಡಿ ದಾಟಿ ಮಂಗಳೂರಿಗೆ ಹೋದೆವು. ನರರೋಗ ತಜ್ಞರೊಬ್ಬರ ಮುಂದೆ ಕುಳಿತು, ಅಭ್ಯಾಸಬಲದಿಂದ ನಾವೇ ಆರಂಭಿಸಿದೆವು. "ನೀವು ಸ್ವಲ್ಪ ಸುಮ್ಮನಿರಿ ಮಾಷ್ಟ್ರೇ, ಅವರು ಹೇಳಲಿ" ಎಂದರು. ಮನೆಯವರು ಮೂಗಿನ ಸ್ವರದಲ್ಲಿ ತಡೆತಡೆದು ಹೇಳಿದರು: ಕೈ ಸೋಲುತ್ತದೆ, ರೆಪ್ಪೆ ಸೋಲುತ್ತದೆ, ಕುಳಿತರೆ ಬರುತ್ತದೆ. "ಸೋಲುವುದು ಅಂದರೆ ಹೇಗಮ್ಮ? ನೋವು ಉಂಟೋ?" "ನೋವಿಲ್ಲ. ಮಾಡಿದಷ್ಟೂ ಕಡಿಮೆ ಆಗುತ್ತದೆ." ವೈದ್ಯರು ಲೇಖನಿ ಕೆಳಗಿಟ್ಟರು. ತಲೆಯಾಡಿಸದೆ ಮೇಲಿನ ಫ್ಯಾನನ್ನೇ ನೋಡುತ್ತಿರಿ ಎಂದರು. ಒಂದು ನಿಮಿಷವಾಗುವ ಮೊದಲೇ ಎರಡೂ ರೆಪ್ಪೆಗಳು ನಾಟಕದ ಪರದೆಯಂತೆ ಮೆಲ್ಲಗೆ ಇಳಿದವು. ಒಂದೂವರೆ ವರ್ಷದಲ್ಲಿ ಯಾರೂ ಮಾಡದಿದ್ದ ಪರೀಕ್ಷೆ. ಅದಕ್ಕೆ ಯಂತ್ರ ಬೇಕಿಲ್ಲ, ಕಾಸೂ ಬೇಕಿಲ್ಲ.

ಬಳಿಕ ನಿಯೋಸ್ಟಿಗ್ಮಿನ್ ಎಂಬ ಚುಚ್ಚುಮದ್ದು ಕೊಟ್ಟು, ಗಡಿಯಾರ ನೋಡುತ್ತ ಕುಳಿತರು. ಇಪ್ಪತ್ತು ನಿಮಿಷ ಕಳೆದಿರಬೇಕು. ರೆಪ್ಪೆಗಳು ಮೇಲೆದ್ದವು. ಒಂದರಿಂದ ಐವತ್ತರವರೆಗೆ ಎಣಿಸಿರಿ ಎಂದಾಗ ಐವತ್ತರವರೆಗೂ ಸ್ವರ ಕೆಡಲಿಲ್ಲ. ಮನೆಯವರು ನಮ್ಮ ಕಡೆ ನೋಡಿ, "ಈಗ ನೀವು ಒಬ್ಬರೇ" ಎಂದರು. ಆವರೆಗೆ ಸಂಜೆ ಹೊತ್ತಿನಲ್ಲಿ ಅವರಿಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತೆಂಬುದು ನಮಗೆ ಗೊತ್ತಾದದ್ದು ಆ ಮಾತಿನಿಂದ. ಹೇಳಿದರೆ ಅದನ್ನೂ ಮನಸ್ಸಿನ ಲೆಕ್ಕಕ್ಕೆ ಹಾಕುತ್ತೇವೆಂದು ಹೇಳಿರಲಿಲ್ಲ.

ರೋಗದ ಹೆಸರು ಮಯಸ್ತೇನಿಯಾ ಗ್ರಾವಿಸ್. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಹೊರಟು ಸ್ನಾಯುವಿನ ಮೇಲಿನ ಗ್ರಾಹಕಗಳನ್ನು ಮುಟ್ಟಿದಾಗ ಸ್ನಾಯು ಸಂಕುಚಿಸುತ್ತದೆ. ಈ ರೋಗದಲ್ಲಿ ದೇಹದ ಕಾವಲುಪಡೆಯೇ ದಾರಿತಪ್ಪಿ ಆ ಗ್ರಾಹಕಗಳ ಮೇಲೆ ಬೀಳುತ್ತದೆ. ಕಾಗದ ಹೊರಟಿದೆ, ಪಡೆಯುವ ಬಾಗಿಲು ಮುಚ್ಚಿದೆ. ವಿಶ್ರಾಂತಿಯಾದಾಗ ಮೊದಲಿನ ಕೆಲವು ಕಾಗದಗಳು ಹೇಗೋ ತಲುಪುತ್ತವೆ. ಕೆಲಸ ಮುಂದುವರಿದಂತೆ ಅವೂ ನಿಲ್ಲುತ್ತವೆ. ಹೆಸರಿನ ಮೊದಲ ಪದಕ್ಕೆ ಗ್ರೀಕಿನಲ್ಲಿ ಸ್ನಾಯುವಿನ ಬಲಹೀನತೆ ಎಂದೇ ಅರ್ಥ. ಅಕ್ಕಿ ಕಡೆಯುವ ಕಲ್ಲಿನ ಪಕ್ಕ ಕುಳಿತು ಮನೆಯವರು ಮೊದಲ ದಿನವೇ ರೋಗದ ಹೆಸರನ್ನು ಕನ್ನಡದಲ್ಲಿ ಹೇಳಿದ್ದರು.

ನಿವೃತ್ತಿಯ ಬಳಿಕ ಈ ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆವು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯರು 1672ರಲ್ಲೇ, ಬಹಳ ಹೊತ್ತು ಮಾತನಾಡಿದರೆ ಸ್ವರವೇ ನಿಂತು ಒಂದೆರಡು ಗಂಟೆಯ ಅನಂತರ ಮರಳುತ್ತಿದ್ದ ಹೆಂಗಸೊಬ್ಬಳ ವಿಷಯ ಬರೆದಿದ್ದಾರೆ. ಆಕೆಯ ಮಾತನ್ನು ಅವರು ನಂಬಿದ್ದರು. 1934ರಲ್ಲಿ ಲಂಡನ್ನಿನ ಗ್ರೀನಿಚ್ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಎಂಬ ವೈದ್ಯೆಯು, ಈ ರೋಗದ ಲಕ್ಷಣಗಳು ಕ್ಯುರಾರೆ ಎಂಬ ಬಾಣದ ವಿಷ ಏರಿದವರ ಲಕ್ಷಣಗಳಂತಿವೆ ಎಂಬುದನ್ನು ಗಮನಿಸಿ, ಆ ವಿಷಕ್ಕೆ ಪ್ರತಿಯಾದ ಫೈಸೋಸ್ಟಿಗ್ಮಿನ್ ಮದ್ದನ್ನು ಕೊಟ್ಟು ನೋಡಿದರು. ರೋಗಿಯ ರೆಪ್ಪೆ ಎದ್ದಿತು. ನಾವು ಮಂಗಳೂರಿನಲ್ಲಿ ಕಂಡ ಚುಚ್ಚುಮದ್ದು ಅದೇ ವಂಶದ್ದು.

ನಮ್ಮ ಪೇಟೆಯ ವೈದ್ಯರೊಬ್ಬರ ಮೇಲೆ ದೂರು ಹೊರಿಸುವುದು ನ್ಯಾಯವಲ್ಲ. ಇದು ಹತ್ತು ಸಾವಿರ ಜನರಲ್ಲಿ ಒಬ್ಬಿಬ್ಬರಿಗೆ ಬರುವ ರೋಗ. ದಿನಕ್ಕೆ ನೂರು ಜನರ ನಾಡಿ ಹಿಡಿಯುವವರಿಗೆ ಆಯುಷ್ಯದಲ್ಲಿ ಒಮ್ಮೆ ಸಿಕ್ಕಿದರೆ ಸಿಕ್ಕೀತು. ಮನಸ್ಸಿನ ಸಂಕಟ ಮೈಯಲ್ಲಿ ತೋರುವುದೂ ಸುಳ್ಳಲ್ಲ. ಆದರೆ ಪರೀಕ್ಷೆಯ ಕಾಗದದಲ್ಲಿ ಕಾಣದ್ದೆಲ್ಲ ಮನಸ್ಸಿನದೆಂದು ತೀರ್ಮಾನಿಸುವ ಅಭ್ಯಾಸ ದೊಡ್ಡ ದೊಡ್ಡವರಲ್ಲೂ ಇತ್ತು. ನಮ್ಮ ಶಾಲೆಯ ಗಣಿತದ ಅಧ್ಯಾಪಕರೊಬ್ಬರು ಹೊಟ್ಟೆಹುಣ್ಣಿಗೆ ಹದಿನೈದು ವರ್ಷ ತಣ್ಣನೆಯ ಹಾಲು ಕುಡಿದರು. ಚಿಂತೆ ಬಿಡಿರಿ ಎಂಬುದೇ ಅವರಿಗೆ ದೊರೆತ ಮುಖ್ಯ ಔಷಧ. ಪಾಪ, ಚಿಂತೆ ಬಿಡುವುದು ಹೇಗೆಂಬುದೇ ಅವರ ದೊಡ್ಡ ಚಿಂತೆಯಾಗಿತ್ತು. ಹೆಚ್ಚಿನ ಹೊಟ್ಟೆಹುಣ್ಣುಗಳಿಗೆ ಹೆಲಿಕೋಬ್ಯಾಕ್ಟರ್ ಎಂಬ ಜೀವಾಣು ಕಾರಣವೆಂದು ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹೇಳಿದಾಗ ಬಹುಮಂದಿ ತಜ್ಞರು ಒಪ್ಪಲಿಲ್ಲ. ಮಾರ್ಷಲ್ 1984ರಲ್ಲಿ ಆ ಜೀವಾಣುವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಬೇಕಾಯಿತು. ಇಬ್ಬರಿಗೂ ನೊಬೆಲ್ ಬಂದದ್ದು 2005ರಲ್ಲಿ. ನಮ್ಮ ಅಧ್ಯಾಪಕರು ಕೊನೆಗೆ ಎರಡು ವಾರದ ಮಾತ್ರೆಗಳಲ್ಲಿ ಗುಣವಾದರು.

ಇನ್ನೊಂದನ್ನು ಬರೆಯದಿದ್ದರೆ ಈ ಬರಹ ಪ್ರಾಮಾಣಿಕವಾಗದು. ಮನೆಯವರ ಕಾಯಿಲೆಗೆ ಎಷ್ಟೋ ವರ್ಷ ಮೊದಲು, ಏಳನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿ ಪೀರಿಯಡ್ಡಿನಲ್ಲಿಯೂ ನೀರು ಕುಡಿಯಲು, ಹೊರಗೆ ಹೋಗಲು ಅನುಮತಿ ಕೇಳುತ್ತಿದ್ದಳು. ಪಾಠ ತಪ್ಪಿಸುವ ನೆಪವೆಂದು ಬಾಗಿಲ ಬಳಿ ನಿಲ್ಲಿಸಿದೆವು. ಮೈ ಇಳಿಯುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೂ, ಬೆಳೆಯುವ ಮಕ್ಕಳು ಹಾಗೆಯೇ ಎಂದುಕೊಂಡೆವು. ಒಂದು ತಿಂಗಳ ಬಳಿಕ ಅವಳನ್ನು ಪ್ರಜ್ಞೆಯಿಲ್ಲದೆ ಆಸ್ಪತ್ರೆಗೆ ಸೇರಿಸಿದರು. ಸಕ್ಕರೆ ಕಾಯಿಲೆ. ಇನ್ಸುಲಿನ್ ಅವಳನ್ನು ಉಳಿಸಿತು. ವೈದ್ಯರ ಮುಂದೆ ನಾವು ನಕ್ಕ ನಗುವಿಗೆ ತರಗತಿಯಲ್ಲೇ ತಾಲೀಮು ಆಗಿತ್ತೆಂದು ಈಗ ಅನಿಸುತ್ತದೆ.

ಮನೆಯವರಿಗೆ ಎದೆಯ ಸ್ಕ್ಯಾನಿನಲ್ಲಿ ಗಡ್ಡೆ ಕಾಣಲಿಲ್ಲ. ವೈದ್ಯರ ಸಲಹೆಯಂತೆ ಮುಂದಿನ ವರ್ಷ ಎದೆಯೊಳಗಿನ ಥೈಮಸ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಕೆಲವು ವರ್ಷ ಸ್ಟೀರಾಯ್ಡ್ ತೆಗೆದುಕೊಳ್ಳಬೇಕಾಯಿತು. ಪಿರಿಡೋಸ್ಟಿಗ್ಮಿನ್ ಮಾತ್ರೆ ಇಂದಿಗೂ ಉಂಟು. ಊಟಕ್ಕೆ ಅರ್ಧ ಗಂಟೆ ಮುಂಚೆ ಅದನ್ನು ನೆನಪಿಸುವುದು ನಮ್ಮ ಕೆಲಸ. ಮಗಳ ಮಗಳಿಗೆ ಎರಡು ಜಡೆಯನ್ನೂ ಒಂದೇ ಸಲಕ್ಕೆ ಹೆಣೆದದ್ದನ್ನು ಅವರು ನಮ್ಮನ್ನು ಕರೆದು ತೋರಿಸಿದ್ದರು.

ಕಳೆದ ವರ್ಷ ಜ್ವರ ಬಂದಾಗ ಸಮೀಪದ ಆಸ್ಪತ್ರೆಗೆ ಹೋಗಬೇಕಾಯಿತು. ಈ ರೋಗದವರಿಗೆ ಕೆಲವು ಆಂಟಿಬಯಾಟಿಕ್‌ಗಳು ಕೊಡುವಂಥವಲ್ಲ, ಮೊದಲೇ ತಿಳಿಸಬೇಕು. ಅಲ್ಲಿದ್ದವರು ತೆಂಕಣ ಕೇರಳದ ತರುಣ ವೈದ್ಯೆ. ನಾವು ಮಲಯಾಳದಲ್ಲಿ ಆರಂಭಿಸಬೇಕೆನ್ನುವಷ್ಟರಲ್ಲಿ ಮನೆಯವರು ನಮ್ಮ ಮೊಣಕಾಲ ಮೇಲೆ ಕೈಯಿಟ್ಟರು. ಹಳೆಯ ಕಾಗದಗಳನ್ನು ತಾವೇ ಮುಂದೆ ಸರಿಸಿ, ತಮ್ಮ ಅಂಗಡಿಯ ಮಲಯಾಳದಲ್ಲಿ ಹೇಳತೊಡಗಿದರು. ಒಂದು ಪದ ಮಾತ್ರ ಕನ್ನಡದಲ್ಲೇ ಉಳಿಯಿತು. "ಸೋಲುತ್ತದೆ, ಎನ್ನು ವೆಚ್ಚಾಲ್?" ಎಂದು ವೈದ್ಯೆ ಕೇಳಿದರು, ಹಾಗೆಂದರೇನು ಎಂದು. ಮನೆಯವರು ಎರಡೂ ಕೈಗಳನ್ನು ಮುಂದಕ್ಕೆ ನೀಡಿ ಹಿಡಿದರು. ವೈದ್ಯೆ ಕೈಗಡಿಯಾರ ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಎಡಗೈ ಇಳಿಯತೊಡಗಿತು, ಆಮೇಲೆ ಬಲಗೈ. ವೈದ್ಯೆ ತಲೆಯಾಡಿಸಿ ಬರೆದುಕೊಂಡರು. ನಾವು ಬಾಯಿ ತೆರೆಯಲಿಲ್ಲ.